ಕೊಳ್ಳಿ ಎಂಬ ಸಲಹೆ

ಷೇರು ದಲ್ಲಾಳಿ ಕಂಪನಿಯೊಂದರಲ್ಲಿ ಅವಳಿಗೆ ಕೆಲಸ. ಯಾವ ಷೇರು ಕೊಳ್ಳಬೇಕು, ಯಾವುದನ್ನು ಮಾರಬೇಕು ಎಂದು ಗಿರಾಕಿಗಳಿಗೆ ವರದಿ ಬರೆಯಬೇಕು. ಇಂಟರ್ನೆಟ್ ಕಂಪನಿಗಳ ಬೆಲೆ ಹುಚ್ಚುಹೊಳೆಯಂತೆ ಏರುತ್ತಿದ್ದ ಆ ದಿನಗಳಲ್ಲಿ 'ಮಾರಿಬಿಡಿ' ಎಂದು ಬರೆಯುತ್ತಿದ್ದವಳು ಅವಳೊಬ್ಬಳೇ. ಆಫೀಸಿನವರು ಅವಳಿಗೆ 'ಅಮಾವಾಸ್ಯೆ' ಎಂದು ಹೆಸರಿಟ್ಟಿದ್ದರು.

ಆಗ ಎಲ್ಲರ ಬಾಯಲ್ಲೂ ಇದ್ದದ್ದು ಇಂಟರ್ನೆಟ್‌ನಲ್ಲಿ ಚಪ್ಪಲಿ, ಬೂಟು ಮಾರುವ ಒಂದು ಕಂಪನಿ. ಅವಳು ಅದರ ಗೋದಾಮಿಗೇ ಹೋಗಿ ನೋಡಿದಳು. ಅರ್ಧ ಗೋದಾಮಿನ ತುಂಬ ಅಳತೆ ಸರಿಹೋಗದೆ ವಾಪಸು ಬಂದ ಡಬ್ಬಗಳು. ಕಳಿಸುವ ಖರ್ಚೂ ಕಂಪನಿಯದೇ, ತರಿಸುವ ಖರ್ಚೂ ಕಂಪನಿಯದೇ.

"ಸರ್, ಒಂದೊಂದು ಜೊತೆ ಮಾರಿದಾಗ್ಲೂ ಇವರಿಗೆ ನಷ್ಟ. ಜಾಸ್ತಿ ಮಾರಿದಷ್ಟೂ ಜಾಸ್ತಿ ಮುಳುಗ್ತಾರೆ," ಎಂದಳು ಮ್ಯಾನೇಜರಿಗೆ.

"ಲಾಭ ಗೀಭ ಎಲ್ಲ ಅಜ್ಜನ ಕಾಲದ ಮಾತಮ್ಮ. ಎಷ್ಟು ಜನ ಬಂದು ನೋಡ್ತಾರೆ, ಈಗ ಅದೇ ಲೆಕ್ಕ."

ಅವಳ ಮಾತು ಕೇಳಿ ಆ ಷೇರು ಮಾರಿದವನು ಅಣ್ಣನೊಬ್ಬನೇ. ಅವನದು ಕನ್ನಡಕದ ಅಂಗಡಿ. ಅಪ್ಪ ತೀರಿಕೊಂಡ ಮೇಲೆ ಅವಳನ್ನು ಓದಿಸಿದ್ದು ಆ ಅಂಗಡಿಯೇ. ಅವನು ಮಾರಿದ ಮೇಲೆ ಬೆಲೆ ಮೂರು ಪಟ್ಟಾಯಿತು. ಪಕ್ಕದ ಅಂಗಡಿಯ ಕ್ಷೌರಿಕ ಕಾರು ಕೊಂಡ. ಅತ್ತಿಗೆ ಅವಳೊಡನೆ ಮಾತು ಬಿಟ್ಟಳು. ಅಣ್ಣ ಮಾತ್ರ, "ಹೋಗ್ಲಿ ಬಿಡೇ, ನಮ್ಮ ಹಣೇಲಿ ಬರ್ದಿರ್ಲಿಲ್ಲ," ಎಂದು ನಕ್ಕ.

ವರ್ಷ ಕಳೆದರೂ ಬೆಲೆ ಇಳಿಯಲಿಲ್ಲ. ಗಿರಾಕಿಗಳು ಫೋನಿನಲ್ಲೇ ಉಗಿದರು. ಕೊನೆಗೊಂದು ದಿನ ಮ್ಯಾನೇಜರ್ ಚಪ್ಪಲಿ ಕಂಪನಿಯ ಬಗ್ಗೆ ತಾನೇ ಬರೆಸಿದ ವರದಿಯನ್ನು ಅವಳ ಮುಂದಿಟ್ಟ. "ಸಹಿ ಹಾಕು. ಇಲ್ಲಾಂದ್ರೆ ಬೇರೆ ಕಡೆ ಕೆಲಸ ನೋಡ್ಕೋ."

ಗಂಡನ ಕೆಲಸ ಆಗಲೇ ಹೋಗಿತ್ತು. ಅದೂ ಅಲ್ಲದೆ, ಊರಿಗೆ ಊರೇ ಸರಿಯಿದ್ದು ತಾನೊಬ್ಬಳೇ ತಪ್ಪಿರಬಹುದೇ ಎಂಬ ಅಳುಕು ಅವಳನ್ನು ತಿನ್ನತೊಡಗಿತ್ತು. 'ಕೊಳ್ಳಿ' ಎಂದಿದ್ದ ವರದಿಗೆ ಸಹಿ ಹಾಕಿದಳು.

ಮರುವಾರ ಅಣ್ಣನ ಫೋನು ಬಂತು. "ಅಂತೂ ನೀನೂ ಒಪ್ಪಿದೆಯಲ್ಲೇ! ಪೇಪರಲ್ಲಿ ನಿನ್ ಹೆಸ್ರು ನೋಡ್ದೆ. ಅಂಗಡಿ ಅಡ ಇಟ್ಟು ಪೂರ್ತಿ ಹಾಕ್ಬಿಟ್ಟೆ."

"ಅಣ್ಣಾ, ಬೇಡ. ಇವತ್ತೇ ಮಾರ್ಬಿಡು. ಅದು ನಾನು ಹೊಟ್ಟೆಪಾಡಿಗೆ ಹಾಕಿದ ಸಹಿ."

"ಹೋದ್ಸಲ ನಿನ್ ಮಾತು ಕೇಳಿ ಕೆಟ್ಟೆ. ಈ ಸಲ ನಿನ್ ಸಹಿ ನಂಬ್ತೀನಿ," ಎಂದು ನಗುತ್ತಲೇ ಫೋನಿಟ್ಟ.

ಬೇಸಿಗೆ ಮುಗಿಯುವುದರೊಳಗೆ ಚಪ್ಪಲಿ ಕಂಪನಿ ಬಾಗಿಲು ಹಾಕಿತು. ಅಂಗಡಿ ಸಾಲ ಕೊಟ್ಟವರ ಪಾಲಾಯಿತು. ಮ್ಯಾನೇಜರ್ ಇನ್ನೂ ದೊಡ್ಡ ಕಂಪನಿಗೆ ಹೋದ. "ನೀವು ಮೊದ್ಲೇ ಹೇಳಿದ್ರಿ ಬಿಡಿ," ಎಂದು ಆಫೀಸಿನವರು ಅವಳನ್ನು ಹೊಗಳಿದರು. ಅವಳ ಕೆಲಸ ಉಳಿಯಿತು.

ಅವಳು ಅಣ್ಣನ ಮನೆಗೆ ಹೋದಳು. ಅತ್ತಿಗೆ ಹೊಸ್ತಿಲಲ್ಲೇ ತಡೆದಳು. "ಕೊಳ್ಳಿ ಅಂತ ಬರ್ದೆ. ನಮ್ಮನೆಗೇ ಕೊಳ್ಳಿ ಇಟ್ಟೆ," ಎಂದು ಬಾಗಿಲು ಹಾಕಿಕೊಂಡಳು.

ಅಣ್ಣ ಈಗ ಯಾರದೋ ದೊಡ್ಡ ಕನ್ನಡಕದ ಮಳಿಗೆಯಲ್ಲಿ ಸಂಬಳಕ್ಕಿದ್ದ. ಅಲ್ಲಿಗೆ ಹೋದಳು. ಮಳಿಗೆಯವರು ಕೊಟ್ಟ ನೀಲಿ ಅಂಗಿ ಅವನಿಗೆ ದೊಗಲೆಯಾಗಿತ್ತು. ಅವಳನ್ನು ಕಂಡು ತಲೆಯೆತ್ತಿದ.

"ಬನ್ನಿ, ಕೂತ್ಕೊಳ್ಳಿ. ಕಣ್ಣು ಪರೀಕ್ಷೆಗಾ?"

"ಅಣ್ಣಾ..."

"ಕೂತ್ಕೊಳ್ಳಿ ಮೇಡಂ."

ಅವಳು ಕೂತಳು. ಕೆನ್ನೆಗೆ ಬೆರಳು ತಾಗದಂತೆ ಅವನು ಪರೀಕ್ಷೆಯ ಚೌಕಟ್ಟು ತೊಡಿಸಿ, ಎದುರುಗೋಡೆಯ ಅಕ್ಷರಗಳನ್ನು ಓದಲು ಹೇಳಿದ. ಅವಳ ಕಣ್ಣು ತುಂಬಿ ಒಂದು ಅಕ್ಷರವೂ ನಿಲ್ಲಲಿಲ್ಲ. ಅವನು ಗಾಜು ಬದಲಿಸಿದ.

"ಈಗ?"

"ಇಲ್ಲ."

ಇನ್ನೊಂದು ಗಾಜು ಹಾಕಿದ. "ಈಗ?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಅವನು ಚೌಕಟ್ಟು ತೆಗೆದು ಬಟ್ಟೆಯಿಂದ ಒರೆಸಿದ. "ಬೇರೆಯವರು ಕಾಯ್ತಾ ಇದಾರೆ," ಎಂದ.