ಸೊಪ್ಪಿನ ಕೋಣೆಯ ಹಾರ

ಬೆಳಕು ಹರಿಯುವ ಮೊದಲೇ ಎದ್ದು, ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಜಗಲಿಯ ಕುರ್ಚಿಯಲ್ಲಿ ಕೂರುವ ಅಭ್ಯಾಸವನ್ನು ಮುನಿಶಾಮಪ್ಪ ಚುನಾವಣೆ ಸೋತ ಮೇಲೂ ಬಿಟ್ಟಿರಲಿಲ್ಲ. ಶಾಸಕರಾಗಿದ್ದಾಗ ಆ ಹೊತ್ತಿಗೆ ಜಗಲಿ ಗಿಜಿಗುಡುತ್ತಿತ್ತು. ಬೋರ್‌ವೆಲ್ ಬೇಕೆಂದವರು, ಮಗಳಿಗೆ ಹಾಸ್ಟೆಲ್ ಸೀಟು ಬೇಕೆಂದವರು, ಏನೂ ಬೇಡದೆ ಸುಮ್ಮನೆ ಮುಖ ತೋರಿಸಿ ಹೋಗಲು ಬಂದವರು. ಈಗ ಪೇಪರಿನವನು ಕೂಡ ಗೇಟಿನ ಆಚೆಯಿಂದಲೇ ಎಸೆದು ಹೋಗುತ್ತಾನೆ. ಆದರೂ ಎರಡು ಸಾಲು ಪ್ಲಾಸ್ಟಿಕ್ ಕುರ್ಚಿಗಳನ್ನು ಮುನಿಶಾಮಪ್ಪ ದಿನಾ ತಾವೇ ಒರೆಸಿ ಇಡುತ್ತಿದ್ದರು. ಖಾಲಿ ಕುರ್ಚಿಯ ಮೇಲೂ ಧೂಳು ಕೂರುತ್ತದಲ್ಲ, ಅದನ್ನು ಅವರಿಂದ ಸಹಿಸಲಾಗದು.

ಎಂಟರ ತನಕ ಹೇಗೋ ತಡೆದುಕೊಳ್ಳುತ್ತಿದ್ದರು. ಆಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಕಾರು ತೆಗೆದು ಶಿಡ್ಲಘಟ್ಟಕ್ಕೆ ಹೋಗುವರು, ಅಲ್ಲಿ ಪರಿಚಯದ ಅಂಗಡಿಯ ಮುಂದೆ ನಿಂತು ಒಂದು ಟೀ ಕುಡಿಯುವರು, ಯಾರಾದರೂ ನಮಸ್ಕಾರ ಹೇಳುತ್ತಾರೇನೋ ಎಂದು ರಸ್ತೆ ನೋಡುವರು. ಅಲ್ಲಿಂದ ಚಿಂತಾಮಣಿಗೆ, ಯಾರದೋ ತಿಥಿಗೆ. ಮರುದಿನ ಗೌರಿಬಿದನೂರಿಗೆ, ಮದುವೆಗೆ. ಹಿಂದೆ ಇವರು ಮಂಟಪಕ್ಕೆ ಕಾಲಿಟ್ಟರೆ ಓಲಗದವರೇ ಒಂದು ಗಳಿಗೆ ತಡೆದು ನಿಲ್ಲುತ್ತಿದ್ದರು. ಮೊನ್ನೆ ಫೋಟೋದವನು, "ಯಜಮಾನ್ರೆ, ಸ್ವಲ್ಪ ಸೈಡಿಗೆ ಬರ್ತೀರಾ, ಹುಡುಗಿ ಕಡೆಯವರು ನಿಲ್ಲಬೇಕು" ಅಂದ. ಮುನಿಶಾಮಪ್ಪ ಸೈಡಿಗೆ ಬಂದರು. ಊಟ ಮಾಡದೆ ಮನೆಗೂ ಬಂದರು.

ಹೆಂಡತಿ ಶ್ಯಾಮಲಮ್ಮನಿಗೆ ಗಂಡನ ಸೋಲಿನಿಂದ ಒಳ್ಳೆಯದೇ ಆಯಿತು ಎಂದರೆ ಕೆಟ್ಟದಾಗಿ ಕೇಳಿಸಬಹುದು, ಆದರೆ ಇದ್ದ ಮಾತು. ಹಿತ್ತಲಿನ ಹುಳುಮನೆ, ಅತ್ತೆಯ ಕಾಲದಲ್ಲಿ ರೇಷ್ಮೆಹುಳು ಸಾಕುತ್ತಿದ್ದ ಜಾಗ, ಇವರು ಶಾಸಕರಾದ ಮೇಲೆ ಬ್ಯಾನರು, ಬಾವುಟ, ಮುರಿದ ಕುರ್ಚಿಗಳ ಗೋಡೌನ್ ಆಗಿತ್ತು. ಸೋತ ತಿಂಗಳೇ ಆಕೆ ಅದನ್ನೆಲ್ಲ ಹೊರಗೆ ಹಾಕಿಸಿ, ಸುಣ್ಣ ಬಳಿಸಿ, ಕೂಲಿಯ ಓಬಳಮ್ಮನನ್ನು ಜೊತೆಗೆ ಕರೆದುಕೊಂಡು ಮತ್ತೆ ಹುಳು ಸಾಕಲು ನಿಂತಳು. ಈಗ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಶ್ಯಾಮಲಮ್ಮನ ಗೂಡು ಎಂದರೆ ನೂಲು ತೆಗೆಯುವವರು ಮುಂದೆ ಬಂದು ಮುಟ್ಟಿ ನೋಡುತ್ತಾರೆ. ಒಮ್ಮೆ ಮುನಿಶಾಮಪ್ಪ ಅಲ್ಲಿಗೆ ಹೋದಾಗ ಯಾರೋ ಪಕ್ಕದವನಿಗೆ, "ಇವರೇ ನೋಡಪ್ಪ, ಶ್ಯಾಮಲಮ್ಮನ ಯಜಮಾನ್ರು" ಎಂದು ಪರಿಚಯ ಮಾಡಿಕೊಟ್ಟ. ಅವತ್ತು ರಾತ್ರಿ ಇವರಿಗೆ ನಿದ್ದೆ ಬರಲಿಲ್ಲ.

ಈ ಸಲ ಆಕೆ ಬಿಳಿ ಗೂಡಿನ ತಳಿ ತಂದಿದ್ದಳು. ಸೂಕ್ಷ್ಮದ ಹುಳು, ಬಿಸಿಲುಗಾಲದಲ್ಲಿ ನಿಲ್ಲುವುದಿಲ್ಲ, ಬೇಡ ಎಂದು ಊರೆಲ್ಲ ಹೇಳಿತ್ತು. ಆಕೆ ಹಟ ಹಿಡಿದಿದ್ದಳು. ಹುಳು ಪೊರೆ ಕಳಚುವ ನಾಲ್ಕು ಜ್ವರ ದಾಟಿ ಎದ್ದು, ಬೆರಳಿನಷ್ಟು ದಪ್ಪವಾಗಿ, ರಾತ್ರಿಯೆಲ್ಲ ಸೊಪ್ಪು ತಿನ್ನುವ ಸದ್ದು ಜಗಲಿಗೂ ಕೇಳುತ್ತಿತ್ತು. ಇನ್ನು ಮೂರ್ನಾಲ್ಕು ದಿನಕ್ಕೆ ಹಣ್ಣಾಗಿ ಗೂಡು ಕಟ್ಟುವ ಹುಳು.

"ನೀವು ಏನೂ ಮಾಡ್ಬೇಡಿ," ಎಂದಿದ್ದಳು ಗಂಡನಿಗೆ. "ಒಳಗೆ ಮಾತ್ರ ಬರ್ಬೇಡಿ. ನೀವು ದಿನಾ ಹತ್ತು ಕಡೆ ಸುತ್ತಿ ಬರ್ತೀರ, ಸೆಂಟು, ಪೌಡರು, ಯಾರ್ಯಾರ್ದೋ ಬೀಡಿ ವಾಸನೆ. ಹುಳಕ್ಕೆ ಆಗಲ್ಲ. ಹೊರಗಿನವರು ಒಳಗೆ ಬರೋ ಹಂಗಿಲ್ಲ."

ಹೊರಗಿನವರು ಎಂಬ ಮಾತು ಮುನಿಶಾಮಪ್ಪನವರಿಗೆ ಚುಚ್ಚಿತು. ಆದರೆ ಒಪ್ಪಿಕೊಂಡರು, ಬಾಗಿಲನ್ನು ದಾಟಲಿಲ್ಲ. ಈ ವಿಷಯದಲ್ಲಿ ಅವರನ್ನು ದೂರುವಂತಿಲ್ಲ.

ಹೀಗಿರುವಾಗ ಮುರುಗಮಲ್ಲದ ಕಡೆಯ ಒಂದು ಹಳ್ಳಿಯಿಂದ ಫೋನು ಬಂತು. ಹಾಲಿನ ಸಂಘದ ಹೊಸ ಕಟ್ಟಡ, ಈಗಿನ ಶಾಸಕರಿಗೆ ಪುರುಸೊತ್ತಿಲ್ಲವಂತೆ, ಅಣ್ಣ ಬಂದು ಟೇಪು ಕತ್ತರಿಸಬೇಕಂತೆ. ಬದಲಿ ಆಳಾಗಿ ಕರೆಯುತ್ತಿದ್ದಾರೆಂದು ಯಾರಿಗಾದರೂ ಗೊತ್ತಾಗುವ ಮಾತು. ಮುನಿಶಾಮಪ್ಪನವರಿಗೆ ಗೊತ್ತಾಗಲಿಲ್ಲ, ಅಥವಾ ಗೊತ್ತು ಮಾಡಿಕೊಳ್ಳಲಿಲ್ಲ. ಹೋದರು, ಕತ್ತರಿಸಿದರು, ಮಾತಾಡಿದರು. ಸಂಘದವರು ತೋಳಿನಷ್ಟು ದಪ್ಪದ ಚೆಂಡು ಹೂವಿನ ಹಾರ ಹಾಕಿದರು, ಮೊಳಕಾಲಿನ ತನಕ ಇಳಿಯುವ ಹಾರ. ಅದರ ಭಾರಕ್ಕೆ ಕತ್ತು ಬಾಗಿದಾಗ ಅವರ ಕಣ್ಣು ಒದ್ದೆಯಾಯಿತು. ಅಧಿಕಾರ ಇದ್ದಾಗ ಇಂಥ ಹಾರಗಳನ್ನು ತೆಗೆದು ಕಾರಿನ ಬಾನೆಟ್ ಮೇಲೆ ಎಸೆಯುತ್ತಿದ್ದರು. ಈ ಹಾರವನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ಕಿಟಕಿ ಏರಿಸಿ, ಮಗು ತರುವಂತೆ ಮನೆಗೆ ತಂದರು.

ಹುಳುಮನೆಯ ಬಾಗಿಲ ಆಚೆ ನಿಂತು ಕೂಗಿದರು.

"ಶ್ಯಾಮಲಾ, ಹಾರ ಹಾಕಿದ್ರು ಕಣೇ. ಏನ್ ಜನ ಅಂತೀಯ!"

"ಸಂತೋಷ. ಕೈಕಾಲು ತೊಳ್ಕೊಂಡು ಊಟ ಮಾಡಿ, ಮುಚ್ಚಿಟ್ಟಿದ್ದೀನಿ," ಎಂದಿತು ಒಳಗಿನ ಧ್ವನಿ.

ಚಿರಂಜೀವಿಗೆ ಫೋನು ಮಾಡಿದರು. ಇವರ ಬಲಗೈ ಆಗಿದ್ದವನು, ಈಗ ಎರಡು ಪಕ್ಷಕ್ಕೂ ಒಂದೊಂದು ಕೈ ಕೊಟ್ಟುಕೊಂಡು ಓಡಾಡುತ್ತಿರುವವನು.

"ಹಾರ ಇಟ್ಕೊಂಡಿರಣ್ಣ, ಸಾಯಂಕಾಲ ಹುಡುಗ್ರನ್ನ ಕರ್ಕೊಂಡು ಬರ್ತೀನಿ," ಎಂದ ಚಿರಂಜೀವಿ. "ಹಾಕ್ಕೊಂಡೇ ಒಂದು ವಿಡಿಯೋ ಮಾಡಣ. ಜಿಲ್ಲಾ ಪಂಚಾಯ್ತಿ ಎಲೆಕ್ಷನ್ ಹತ್ರ ಬಂತು, ಜನಕ್ಕೆ ಕಾಣಿಸ್ಕೋಬೇಕು."

ಏಪ್ರಿಲ್ ಬಿಸಿಲು. ಸಾಯಂಕಾಲಕ್ಕೆ ಹೂವು ಬಾಡಿ ಹಪ್ಪಳವಾಗುತ್ತದೆ. ಮುನಿಶಾಮಪ್ಪ ಹಾರ ಹಿಡಿದು ಮನೆಯೆಲ್ಲ ತಿರುಗಿದರು. ಫ್ರಿಜ್ಜಿನಲ್ಲಿ ಇಡ್ಲಿ ಹಿಟ್ಟಿನ ಡಬರಿ ಕೂತಿತ್ತು. ಬಚ್ಚಲು ಸರಿಯಲ್ಲ. ಮನೆಗೆಲ್ಲ ತಂಪಾದ ಜಾಗ ಒಂದೇ, ಹುಳುಮನೆಗೆ ಅಂಟಿಕೊಂಡ ಸೊಪ್ಪಿನ ಕೋಣೆ. ಬೆಳಗ್ಗೆ ಕೊಯ್ದ ಹಿಪ್ಪುನೇರಳೆ ಸೊಪ್ಪನ್ನು ಅಲ್ಲಿ ಗುಡ್ಡೆ ಹಾಕಿ, ಮೇಲೆ ಒದ್ದೆ ಗೋಣಿ ಹೊದಿಸಿರುತ್ತಾರೆ. ಸೊಪ್ಪಿನ ಕೋಣೆಗೆ ಹೋಗಬೇಡಿ ಎಂದು ಶ್ಯಾಮಲಮ್ಮ ಹೇಳಿರಲಿಲ್ಲ. ಮುನಿಶಾಮಪ್ಪ ಗೋಣಿ ಎತ್ತಿ, ಹಾರವನ್ನು ಸೊಪ್ಪಿನ ಮೇಲೆ ಸುರುಳಿ ಸುತ್ತಿ ಮಲಗಿಸಿ, ಗೋಣಿ ಮುಚ್ಚಿ, ಇನ್ನೊಂದು ಚೊಂಬು ನೀರು ಚಿಮುಕಿಸಿದರು. ತಮ್ಮ ಜಾಣತನಕ್ಕೆ ತಾವೇ ತಲೆದೂಗಿದರು.

ಸಂಜೆ ಕಳೆದರೂ ಚಿರಂಜೀವಿ ಬರಲಿಲ್ಲ. ನಾಳೆ ಬರ್ತೀನಣ್ಣ ಎಂದು ಒಂದು ಮೆಸೇಜು ಬಂತು. ಮುನಿಶಾಮಪ್ಪ ಹಾರ ತೆಗೆದು, ಇನ್ನೂ ನಳನಳಿಸುತ್ತಿತ್ತು, ನಡುಮನೆಯಲ್ಲಿ ತಮ್ಮ ಪ್ರಮಾಣವಚನದ ಫೋಟೋಗೆ ಹಾಕಲು ಹೋಗಿ, ಬದುಕಿರುವವರ ಫೋಟೋಗೆ ಹಾಕಬಾರದೆಂದು ನೆನಪಾಗಿ ಪಕ್ಕದ ಮೊಳೆಗೆ ತೂಗುಹಾಕಿದರು. ಸ್ವಲ್ಪ ಹೊತ್ತಿಗೆ ಓಬಳಮ್ಮ ಮಬ್ಬುಗತ್ತಲಲ್ಲೇ ಆ ಸೊಪ್ಪನ್ನು ತೆಕ್ಕೆ ತೆಕ್ಕೆಯಾಗಿ ಒಯ್ದು ಹುಳಕ್ಕೆ ಹಾಕಿದಳು.

ಬೆಳಗ್ಗೆ ಓಬಳಮ್ಮನ ಕೂಗಿಗೆ ಅಕ್ಕಪಕ್ಕದವರೆಲ್ಲ ಎದ್ದರು.

"ಅಯ್ಯೋ ದೇವುಡಾ, ಅಮ್ಮಯ್ಯಾ, ಬಾರಮ್ಮಾ!"

ಹುಳುಗಳು ತಲೆ ಎತ್ತಿ ಅತ್ತಿತ್ತ ಆಡಿಸುತ್ತಿದ್ದವು. ಬಾಯಲ್ಲಿ ಹಸಿರು ನೀರು ಕಾರುತ್ತಿದ್ದವು. ಎಷ್ಟೋ ಹುಳು ಮುರುಟಿಕೊಂಡು ಸಣ್ಣಗಾಗಿ, ಮೇಯಲು ಬಿಟ್ಟಿದ್ದ ಅಟ್ಟಣೆಯಿಂದ ನೆಲಕ್ಕೆ ಉದುರಿದ್ದವು. ರಾತ್ರಿಯೆಲ್ಲ ಕೇಳುತ್ತಿದ್ದ ಮೇಯುವ ಸದ್ದು ನಿಂತಿತ್ತು. ಶ್ಯಾಮಲಮ್ಮ ಒಂದು ಹುಳವನ್ನು ಅಂಗೈ ಮೇಲಿಟ್ಟುಕೊಂಡು ನಿಂತೇ ಇದ್ದಳು. ಅವಳು ಅಳಲಿಲ್ಲ. ರೋಗವಲ್ಲ, ಬೆಳೆಗೆ ಹೊಡೆಯೋ ಔಷಧಿ ತಾಗಿದೆ, ಎಂದಷ್ಟೇ ಹೇಳಿದಳು.

ಔಷಧಿ ಎಂದ ಮೇಲೆ ಊರಿಗೆ ಒಂದೇ ಹೆಸರು ಹೊಳೆಯಿತು. ಶ್ಯಾಮಲಮ್ಮನ ಹಿಪ್ಪುನೇರಳೆ ತೋಟಕ್ಕೆ ಅಂಟಿಕೊಂಡೇ ಬಯ್ಯಪ್ಪನ ಟೊಮೇಟೊ ತೋಟ. ಎರಡು ದಿನದ ಹಿಂದೆ ಅವನು ಬೆನ್ನಿಗೆ ಸ್ಪ್ರೇಯರ್ ಕಟ್ಟಿಕೊಂಡು ಹೋಗಿದ್ದನ್ನು ಕಂಡವರಿದ್ದರು. ಅದೂ ಅಲ್ಲದೆ ಚುನಾವಣೆಯಲ್ಲಿ ಬಯ್ಯಪ್ಪ ಎದುರು ಪಕ್ಷದ ಏಜೆಂಟಾಗಿ ಕೂತಿದ್ದವನು. ಇನ್ನೇನು ಬೇಕು?

ಎಂಟಾಗುವ ಹೊತ್ತಿಗೆ ಜಗಲಿಯ ಎರಡು ಸಾಲು ಕುರ್ಚಿಯೂ ತುಂಬಿದವು. ಮೆಟ್ಟಿಲ ಮೇಲೆ ಕೂತರು, ಕಾಂಪೌಂಡ್ ಗೋಡೆಗೆ ಒರಗಿದರು. ನ್ಯಾಯ ಆಗ್ಬೇಕಣ್ಣ, ನೀವು ಹೇಳಿದ್ರೆ ಸ್ಟೇಷನ್ನಿಗೆ ಹೋಗಣ, ನಿಮ್ಮನೆಗೇ ಹಿಂಗಾದ್ರೆ ನಮ್ಮ ಗತಿ ಏನು, ಎಂದು ನಾಲ್ಕು ಕಡೆಯಿಂದ ಮಾತು. ನಿನ್ನೆ ಬಾರದ ಚಿರಂಜೀವಿ ಇಂದು ಹುಡುಗರ ಸಮೇತ ಬಂದಿಳಿದು, ಇಳಿಯುವಾಗಲೇ ಫೋನಿನಲ್ಲಿ ವಿಡಿಯೋ ಶುರು ಮಾಡಿದ್ದ. ಮುನಿಶಾಮಪ್ಪನವರಿಗೆ ಹೆಂಡತಿಯ ಬೆಳೆಗಾಗಿ ಸಂಕಟ ಇತ್ತು, ಇರಲಿಲ್ಲ ಎನ್ನಲಾಗದು. ಆದರೆ ಆ ಸಂಕಟದ ಅಡಿಯಲ್ಲಿ ಏನೋ ಖುಷಿ ಕುದಿಯುತ್ತಿತ್ತು. ಎಷ್ಟು ದಿನವಾಗಿತ್ತು ಈ ಗದ್ದಲ ಕೇಳಿ! ಎಲ್ಲರಿಗೂ ಕಾಫಿ ಮಾಡಿಸಲು ಹೇಳಿದರು. ಮಾಡುವವರು ಯಾರು ಎಂದು ಯೋಚಿಸಲೇ ಇಲ್ಲ.

ಬಯ್ಯಪ್ಪನನ್ನು ಎಳೆದುಕೊಂಡೇ ಬಂದರು. ಅವನ ಅಂಗಿಯ ಒಂದು ತೋಳು ಹರಿದಿತ್ತು.

"ಮುನಿಶಾಮಣ್ಣ, ನಿನ್ನಾಣೆಗೂ ನಾನಲ್ಲ. ನಾನು ಹೊಡ್ದಿದ್ದು ಕೆರೆ ಕಡೆ ತೋಟಕ್ಕೆ. ಶ್ಯಾಮಲಕ್ಕ ಹುಳು ಇಟ್ಟವ್ಳೆ ಅಂತ ಈ ಕಡೆ ಒಂದು ತಿಂಗಳಿಂದ ಮುಟ್ಟಿಲ್ಲ. ಟೊಮೇಟೊಗೆ ರೋಗ ಬಂದ್ರೂ ಮುಟ್ಟಿಲ್ಲ ಕಣಣ್ಣ," ಎಂದು ಕೈ ಮುಗಿದ.

"ಎಲ್ಲಾ ಕಳ್ರೂ ಹಿಂಗೇ ಹೇಳೋದು," ಎಂದ ಒಬ್ಬ. ಇನ್ನೊಬ್ಬ ಅವನ ಕುತ್ತಿಗೆಗೆ ಕೈ ಹಾಕಿದ.

ಆಗ ಹುಳುಮನೆಯ ಕಡೆಯಿಂದ ಶ್ಯಾಮಲಮ್ಮ ಬಂದಳು. ತೆಕ್ಕೆಯಲ್ಲಿ ಹುಳು ತಿಂದುಳಿದ ಕಡ್ಡಿಗಳು. ಅವನ್ನು ಮೆಟ್ಟಿಲ ಮೇಲೆ ಹಾಕಿ, ಅದರೊಳಗಿಂದ ಏನನ್ನೋ ಹೆಕ್ಕಿ ಎತ್ತಿ ಹಿಡಿದಳು. ಕಿತ್ತಳೆ ಬಣ್ಣದ, ನೆಂದ, ಚೆಂಡು ಹೂವಿನ ಎಸಳುಗಳು.

"ಎಲ್ಲಾ ಅಟ್ಟಣೆಯಲ್ಲೂ ಸಿಗ್ತಾ ಐತೆ," ಎಂದಳು. "ನಮ್ಮ ತೋಟದಲ್ಲಿ ಹೂವಿಲ್ಲ. ಬಯ್ಯಣ್ಣನ ತೋಟದಲ್ಲೂ ಇಲ್ಲ. ಸೊಪ್ಪಿಗೆ ಇದು ಎಲ್ಲಿಂದ ಬಂತು?"

ಜನಕ್ಕೆ ಅದು ಮಾತೇ ಅನ್ನಿಸಲಿಲ್ಲ. ಮುನಿಶಾಮಪ್ಪನವರಿಗೆ ಮಾತ್ರ ಅರ್ಥವಾಯಿತು. ಹೂವಿನ ತೋಟಗಳ ನಡುವೆಯೇ ಓಟು ಕೇಳಿಕೊಂಡು ತಿರುಗಿದವರು ಅವರು. ಮೊಗ್ಗಿಗೆ ಹುಳ ಬೀಳದಿರಲೆಂದು ಕೊಯ್ಯುವ ಹಿಂದಿನ ದಿನದವರೆಗೂ ಔಷಧಿ ಹೊಡೆಯುವುದನ್ನು ಕಣ್ಣಾರೆ ಕಂಡವರು. ಕೊರಳಿಗೆ ಬಿದ್ದ ಮೇಲೆ ಅದು ಹೂವು ಎಂಬುದೇ ಅವರಿಗೆ ಮರೆತುಹೋಗಿತ್ತು. ಮೇಲಿಂದ ತಾವೇ ಒಂದು ಚೊಂಬು ನೀರನ್ನೂ ಹೊಯ್ದಿದ್ದರು. ಅವರ ಕಣ್ಣು ತಾನಾಗಿ ನಡುಮನೆಯ ಗೋಡೆಯತ್ತ ಹೋಯಿತು. ಶ್ಯಾಮಲಮ್ಮನ ಕಣ್ಣು ಗಂಡನ ಕಣ್ಣನ್ನು ಹಿಂಬಾಲಿಸಿ ಹಾರದ ಮೇಲೆ ನಿಂತಿತು.

"ಅಣ್ಣ, ತಡ ಮಾಡ್ಬೇಡಿ," ಎಂದು ಚಿರಂಜೀವಿ ಕಿವಿಯಲ್ಲಿ ಪಿಸುಗುಟ್ಟಿದ. "ಇವನನ್ನ ಮುಂದೆ ಹಾಕ್ಕೊಂಡು ಸ್ಟೇಷನ್ ತನಕ ನಡ್ಕೊಂಡೇ ಹೋಗಣ. ದಾರೀಲಿ ಇನ್ನೂರು ಜನ ಸೇರ್ತಾರೆ. ಟಿಕೆಟ್ ನಿಮ್ದೇ."

ಮುನಿಶಾಮಪ್ಪ ಎದ್ದು ನಿಂತರು. ಸುಮ್ಮನಿದ್ದರೆ ಸಾಕಿತ್ತು. ಜೀವನದಲ್ಲಿ ಅವರು ಎಷ್ಟೋ ಸಲ ಹಾಗೆ ಸುಮ್ಮನಿದ್ದು ಗೆದ್ದಿದ್ದರು. ಹೆಂಡತಿ ಆಗಲೇ ಬೆನ್ನು ತಿರುಗಿಸಿ ಹುಳುಮನೆಯ ಕಡೆ ಹೊರಟಿದ್ದಳು, ಗಂಡ ಏನು ಮಾಡುತ್ತಾನೆಂದು ಮೊದಲೇ ಗೊತ್ತಿರುವವಳ ಹಾಗೆ. ಆ ಬೆನ್ನು ಅವರಿಂದ ನೋಡಲಾಗಲಿಲ್ಲ.

"ಅವನನ್ನ ಬಿಡ್ರೋ," ಎಂದರು. "ಬಯ್ಯಪ್ಪನ ತಪ್ಪಿಲ್ಲ. ತಪ್ಪು ನಂದು. ಆ ಹಾರ ನಾನೇ ಸೊಪ್ಪಿನ ಮೇಲೆ ಇಟ್ಟೆ. ಹೂವಿಗೆ ಹೊಡ್ದಿದ್ದ ಔಷಧಿ ಸೊಪ್ಪಿಗೆ ಇಳೀತು. ನನ್ನಿಂದಲೇ ಹುಳು ಸತ್ತಿದ್ದು."

ಹಿಂದಿನ ಸಾಲಿನಿಂದ ಯಾರೋ ಚಪ್ಪಾಳೆ ತಟ್ಟಿದರು.

"ನೋಡ್ರೋ, ಇದು ದೊಡ್ಡ ಮನಸ್ಸು ಅಂದ್ರೆ! ವೈರಿನ ಉಳಿಸೋಕೆ ತಪ್ಪು ತನ್ನ ಮೇಲೆ ಹಾಕ್ಕೊಂಡ್ರು!"

"ಅಲ್ರಪ್ಪ, ನಾನು ನಿಜ ಹೇಳ್ತಿದ್ದೀನಿ—"

"ಗೊತ್ತಣ್ಣ, ಗೊತ್ತು!" ಎಂದು ಚಪ್ಪಾಳೆ ಜೋರಾಯಿತು. ಬಯ್ಯಪ್ಪ ಬಂದು ಕಾಲು ಮುಟ್ಟಿದ. "ಈ ಸಲ ನನ್ನ ಮನೆ ಓಟೆಲ್ಲ ನಿಂಗೇ ಕಣಣ್ಣ," ಎಂದು ಗಳಗಳನೆ ಅತ್ತ. ಚಿರಂಜೀವಿ ಫೋನು ಕೆಳಗಿಳಿಸದೆ, "ಸೂಪರ್ ಅಣ್ಣ, ಇದು ಸ್ಟೇಷನ್ನಿಗಿಂತ ಚೆನ್ನಾಗಿ ವರ್ಕ್ ಆಯ್ತು," ಎಂದ.

ಇಪ್ಪತ್ತು ವರ್ಷ ಮಾತಾಡಿಯೇ ಬದುಕಿದ್ದ ಮನುಷ್ಯನಿಗೆ ಒಂದು ನಿಜ ಹೇಳಿ ನಂಬಿಸಲು ಬರಲಿಲ್ಲ. ಮುನಿಶಾಮಪ್ಪ ಜನರನ್ನು ಸರಿಸಿಕೊಂಡು ಹಿತ್ತಲಿಗೆ ಹೋದರು. ಹುಳುಮನೆಯ ಬಾಗಿಲಲ್ಲಿ ಶ್ಯಾಮಲಮ್ಮ ನಿಂತಿದ್ದಳು. ಎಲ್ಲವೂ ಅವಳಿಗೆ ಕೇಳಿಸಿತ್ತು.

"ಅವರು ನಂಬ್ತಾ ಇಲ್ಲ ಶ್ಯಾಮಲಾ."

"ನಾನು ನಂಬ್ತೀನಿ," ಎಂದಳು ಆಕೆ. "ಅದಕ್ಕೇ ಹೊಟ್ಟೆ ಉರೀತಿರೋದು. ಬಯ್ಯಣ್ಣ ಆಗಿದ್ದಿದ್ರೆ ಬಾಯ್ತುಂಬ ಬೈದಾದ್ರೂ ಬೈತಿದ್ದೆ. ಒಂದು ಹೂವಿನ ಹಾರಕ್ಕೆ... ನನ್ನ ಹುಳಾನೆಲ್ಲ..."

ಅಷ್ಟು ಹೊತ್ತು ತಡೆದಿದ್ದ ಅಳು ಆಗ ಬಂತು. ಸೆರಗಿನಲ್ಲಿ ಮುಖ ಒರೆಸಿಕೊಂಡು, ಬಾಗಿಲಿಂದ ಪಕ್ಕಕ್ಕೆ ಸರಿದಳು.

"ಒಳಗೆ ಬನ್ನಿ. ಓಬಳಮ್ಮ ಒಬ್ಬಳ ಕೈಲಿ ಆಗಲ್ಲ. ಸತ್ತಿದ್ದನ್ನೆಲ್ಲ ಎತ್ತಿ ಗುಂಡಿಗೆ ಹಾಕ್ಬೇಕು."

"ನಾನು ಒಳಗೆ ಬರ್ಬೋದಾ?"

"ಇನ್ನು ಬಂದ್ರೇನು," ಎಂದಳು.

ಮುನಿಶಾಮಪ್ಪ ಬಿಳಿ ಅಂಗಿ ಬಿಚ್ಚಿ ಹೊರಗಿನ ಹಗ್ಗಕ್ಕೆ ಹಾಕಿದರು. ಹೊಸಿಲ ಬಳಿ ಕಾಲು ಅದ್ದಲು ಇಟ್ಟಿದ್ದ ಬ್ಲೀಚಿಂಗ್ ನೀರಿನ ತೊಟ್ಟಿಯಲ್ಲಿ ಒಂದೊಂದೇ ಪಾದ ಅದ್ದಿದರು. ಬೇಡ ಎಂದು ಆಕೆ ಹೇಳಲಿಲ್ಲ. ಓಬಳಮ್ಮ ಒಂದು ಮಂಕರಿ ಕೊಟ್ಟಳು. ಅವರು ಕೆಳಗಿನ ಅಟ್ಟಣೆಗೆ ಬಗ್ಗಿ ಎರಡೂ ಕೈ ಚಾಚಿದರು. ಹುಳುಗಳು ತಣ್ಣಗೆ, ಮೆತ್ತಗೆ ಬೊಗಸೆಗೆ ಬಂದವು. ಒಂದೆರಡು ಇನ್ನೂ ತಲೆ ಆಡಿಸುತ್ತಿದ್ದವು.

ಹೊರಗೆ ಜಗಲಿಯಲ್ಲಿ ಚಿರಂಜೀವಿ ಜೈಕಾರ ಕೂಗಿಸಿದ. ಮುನಿಶಾಮಣ್ಣನಿಗೆ ಜೈ ಎಂದು ಹುಡುಗರೆಲ್ಲ ಕೂಗಿದರು, ಮತ್ತೆ ಕೂಗಿದರು. ಸೋತ ದಿನದಿಂದ ಆ ಕೂಗಿಗಾಗಿ ಅವರು ಊರೂರು ಅಲೆದಿದ್ದರು. ಈಗ ಬೊಗಸೆಯಲ್ಲಿದ್ದುದನ್ನು ಮಂಕರಿಗೆ ಮೆಲ್ಲಗೆ ಇಳಿಸಿ, ಎದ್ದು ಹೋಗಿ ಬಾಗಿಲು ಹಾಕಿ ಬಂದರು.