ಖಾಲಿ ಕೊಡ ಪಾರ್ಟಿ

ಔರಾದ ಬಸ್‌ಸ್ಟ್ಯಾಂಡಿನ ಎದುರಿನ ಮೊಬೈಲ್ ಅಂಗಡಿಯಿಂದ ತನ್ನದೇ ದನಿ ಕೇಳಿಬಂದಾಗ ರೂತ ಬಾಳೆಹಣ್ಣಿಗೆ ಚೌಕಾಸಿ ಮಾಡುತ್ತಿದ್ದಳು. ಮೊದಲಿಗೆ ಅದು ತನ್ನ ದನಿ ಎಂದು ಅನ್ನಿಸಲೇ ಇಲ್ಲ. ಯಾರೋ ಹುಡುಗಿ ಎತ್ತರದ ರಾಗದಲ್ಲಿ, ಲೋಕದ ಹೆದರಿಕೆಯೇ ಇಲ್ಲದವಳಂತೆ ಹಾಡುತ್ತಿದ್ದಾಳೆ ಎಂದುಕೊಂಡಳು. ಅದರ ಬೆನ್ನಿಗೇ ಪ್ಲಾಸ್ಟಿಕ್ ಕೊಡದ ಮೇಲೆ ಬೆರಳು ಬಡಿದ ಸದ್ದು. ಆಮೇಲೆ ಒಬ್ಬ ಹೆಂಗಸಿನ ಒಡಕು ಕೂಗು: "ನನ್ನ ಪಾಳಿ ಯಾವಾಗೋ?"

ರೂತ ಹಣ್ಣು ಅಲ್ಲೇ ಬಿಟ್ಟು ರಸ್ತೆ ದಾಟಿದಳು. ಕೂಗಿನ ನಂತರ ಹಾಡು ಬೇರೆ ದಾರಿ ಹಿಡಿದಿತ್ತು. ಹೊಸ ದನಿಗಳು, ಹೊಸ ಮಾತುಗಳು.

"ಇದು ಯಾರ ಹಾಡರಿ?" ಎಂದು ಅಂಗಡಿಯವನನ್ನು ಕೇಳಿದಳು.

"ಭಾಲ್ಕಿ ಕಾಲೇಜಿನ ಪೋರಿಯರದ್ರಿ ಸಿಸ್ಟರ್. ಮೊದಲ ಖಾಲಿ ಕೊಡ ಪಾರ್ಟಿ ಅಂತ ಇತ್ತಲ್ಲರಿ, ಅವರ ಹಾಡು ತಗೊಂಡು ಹೊಸದು ಮಾಡ್ಯಾರ." ಅವನು ಆಸ್ಪತ್ರೆಯ ಸಮವಸ್ತ್ರದಲ್ಲಿದ್ದ ಅವಳನ್ನು ಒಮ್ಮೆ ನೋಡಿ ನಕ್ಕ. "ನಿಮಗೆಲ್ಲಿ ಗೊತ್ತಿರ್ತದ ಬಿಡ್ರಿ, ರ್‍ಯಾಪ್ ಅಂತಾರ ಅದಕ್ಕ."

ರೂತ ಹೌದೆಂದಳು. ತನಗೆ ಗೊತ್ತಿಲ್ಲ ಎಂಬುದನ್ನು ಒಪ್ಪಿಕೊಂಡು ಬಸ್ಸು ಹತ್ತಿದಳು. ಕಿಟಕಿಯ ಪಕ್ಕ ಕುಳಿತ ಮೇಲೆ ನಗು ಬಂತು, ನಗುತ್ತ ಕಣ್ಣೊರೆಸಿಕೊಂಡಳು.

ಆ ಹಾಡು ಹುಟ್ಟಿದ್ದು ಬರ ಬಿದ್ದ ವರ್ಷಗಳಲ್ಲಿ. ಬೀದರಿನ ಡಿಗ್ರಿ ಕಾಲೇಜಿನಲ್ಲಿ ಮೂವರೂ ಒಂದೇ ಬೆಂಚಿನ ಆಚೀಚೆ. ರೂತ ಮಂಗಲಪೇಟೆಯವಳು, ಟೀಚರಮ್ಮನ ಮಗಳು, ಚರ್ಚಿನ ಗಾನವೃಂದದಲ್ಲಿ ಮುಂದೆ ನಿಂತು ಹಾಡುವವಳು. ಮುಜೀಬೋದ್ದೀನ ಹಳೇ ಊರಿನ ಚೌಬಾರಾದ ಹತ್ತಿರದವನು. ಬಾಯಿಂದಲೇ ಡೋಲು, ತಮಟೆ, ಕೆಟ್ಟ ಲೂನಾ ಗಾಡಿ ಎಲ್ಲವನ್ನೂ ನುಡಿಸಿ ಮೇಷ್ಟ್ರಿಂದ ಹೊರಗೆ ಹಾಕಿಸಿಕೊಳ್ಳುವವನು. ಮಚ್ಛೇಂದ್ರ ಹಲಬರ್ಗಾದಿಂದ ದಿನಾ ರೈಲಿಗೆ ಬರುತ್ತಿದ್ದ. ಮಾತು ಕಡಿಮೆ. ಆದರೆ ಬಾಯಿ ತೆರೆದರೆ ಮಾತಿಗೆ ಮಾತು ಜೋಡಿಯಾಗಿ, ಕೊನೆಯಲ್ಲಿ ಪ್ರಾಸ ಬಂದು ಕೂರುತ್ತಿತ್ತು. ದೂರದ ದೇಶದ ಕರಿಯರ ಹಾಡುಗಳನ್ನು ಮುಜೀಬ ಫೋನಿನಲ್ಲಿ ಕೇಳಿಸಿದಾಗ ಮಚ್ಛೇಂದ್ರನಿಗೆ ಅರ್ಥವಾದದ್ದು ಕಡಿಮೆ. "ಇವರು ಜಗಳ ಆಡ್ಲತ್ತಾರ, ಖರೇ, ತಾಳದಾಗ ಆಡ್ಲತ್ತಾರ. ಇಷ್ಟು ನಮ್ಮ ಊರ ನೀರಿನ ಪಾಳಿದಾಗ ದಿನಾ ಆಗ್ತದ" ಎಂದಿದ್ದ.

ಆ ಮಾತನ್ನೇ ಹಿಡಿದು ಮೂವರೂ ಒಂದು ಭಾನುವಾರ ಹಲಬರ್ಗಾಕ್ಕೆ ಹೋದರು. ಟ್ಯಾಂಕರ್ ಬರುವ ದಾರಿಯಲ್ಲಿ ಕೆಂಪು, ಹಸಿರು, ನೀಲಿ ಕೊಡಗಳು ಬಸ್‌ಸ್ಟ್ಯಾಂಡಿನವರೆಗೆ ಸಾಲು ಕುಳಿತಿದ್ದವು. ಮಚ್ಛೇಂದ್ರನ ಅವ್ವ ಅಂಜನಾಬಾಯಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದಳು. ಮಚ್ಛೇಂದ್ರ ಅವಳ ಖಾಲಿ ಕೊಡ ಮಗುಚಿ ಹಾಕಿ ಬಡಿಯತೊಡಗಿದ. ಮುಜೀಬ ಫೋನ್ ಮುಂದೆ ಹಿಡಿದ. ಟ್ಯಾಂಕರಿನವನು ಪೈಪು ಬೇರೆ ಓಣಿಯ ಕಡೆ ತಿರುಗಿಸಿದ್ದನ್ನು ಕಂಡು ಅಂಜನಾಬಾಯಿ ಕೂಗಿದಳು. ಅದೇ ಹಾಡಿನ ನಡುವಿನ ಜೀವವಾಯಿತು. ಮುಂದಿನ ಸಾಲುಗಳನ್ನು ಮಚ್ಛೇಂದ್ರ ರೈಲಿನಲ್ಲಿ ಕಟ್ಟಿಕೊಂಡು ಬಂದ:

ಕೊಡ ಖಾಲಿ, ಕೆರಿ ಖಾಲಿ, ಊರ ಅರ್ಧ ಖಾಲಿ
ಪುಣೆ ಗಾಡಿ ತುಂಬ್ಯಾದ, ಹೇಳು, ಯಾರದೀಗ ಪಾಳಿ?

ಹಾಡು ಹಬ್ಬಿದ್ದು ಫೋನಿನಿಂದ ಫೋನಿಗೆ. ಮೊಬೈಲ್ ಅಂಗಡಿಯವರು ಕೇಳದೆಯೇ ಮೆಮೊರಿ ಕಾರ್ಡಿಗೆ ತುಂಬಿಕೊಟ್ಟರು. ಮೂವರೂ ಖಾಲಿ ಕೊಡ ಪಾರ್ಟಿ ಎಂದು ಹೆಸರಿಟ್ಟುಕೊಂಡು ಭಾಲ್ಕಿ, ಹುಮನಾಬಾದ, ಉದಗೀರ ಎಂದು ಕರೆದಲ್ಲೆಲ್ಲ ಹೋದರು. ಹೈದರಾಬಾದಿನ ಒಂದು ದೊಡ್ಡ ಸಭಾಂಗಣದಲ್ಲಿ ಜನ ಕನ್ನಡ ಬಾರದೆಯೂ ಎದ್ದು ನಿಂತು "ನನ್ನ ಪಾಳಿ ಯಾವಾಗೋ" ಎಂದು ಕೂಗಿದರು. ರೂತಳ ತಾಯಿ ಮಾತ್ರ, "ದೇವರ ಹಾಡು ಹಾಡೋ ಗಂಟಲದು, ಹುಷಾರ" ಎಂದು ಪ್ರತಿ ಸಲ ಬಿಸಿನೀರಿಗೆ ಉಪ್ಪು ಹಾಕಿ ಕೊಡುತ್ತಿದ್ದಳು.

ಆಮೇಲೆ ಮಳೆ ಬಂತು. ಹಲಬರ್ಗಾದಲ್ಲೇ ಕಾರ್ಯಕ್ರಮ, ಪಂಚಾಯಿತಿ ಮುಂದೆ ಹಲಗೆ ಜೋಡಿಸಿದ ವೇದಿಕೆ. ಹಾಡು ಅರ್ಧಕ್ಕೆ ಬಂದಾಗ ಮೊದಲ ದಪ್ಪ ಹನಿಗಳು ಬಿದ್ದವು. ಜನ ಕೇಕೆ ಹಾಕುತ್ತ ಎದ್ದು ರಸ್ತೆಗೆ ಓಡಿದರು, ಮುದುಕರೂ ಅಂಗಿ ಬಿಚ್ಚಿ ನಿಂತರು. ವೇದಿಕೆಯ ಮುಂದೆ ಉಳಿದವಳು ಅಂಜನಾಬಾಯಿ ಒಬ್ಬಳೇ. ತೊಯ್ದು ತೊಪ್ಪೆಯಾಗಿ, "ಸಾಕ ಮಾಡ್ರೋ, ಮಳಿ ಬಂತು!" ಎಂದು ಕೈಬೀಸಿದಳು. ಆ ವರ್ಷ ಹೊಲಗಳಲ್ಲಿ ನೀರು ನಿಂತಿತು. ಟ್ಯಾಂಕರಿನ ಹಾಡು ಯಾರಿಗೂ ಬೇಡವಾಯಿತು. ಕರೆದವರೂ ಸಿನಿಮಾ ಹಾಡು ಕೇಳಿದರು. ಮಳೆ ಬಂದದ್ದಕ್ಕೆ ದುಃಖಪಡುವುದು ಹೇಗೆ? ಮೂವರಲ್ಲಿ ಒಬ್ಬರೂ ಪಾರ್ಟಿ ಮುಗಿಯಿತು ಎಂದು ಬಾಯಿ ಬಿಟ್ಟು ಹೇಳಲಿಲ್ಲ. ರೂತ ನರ್ಸಿಂಗ್ ಸೇರಿದಳು. ಮುಜೀಬ ಏಸಿ ರಿಪೇರಿ ಕಲಿತು ಬೀದರಿನಲ್ಲೇ ಅಂಗಡಿ ಇಟ್ಟ. ಮಚ್ಛೇಂದ್ರ ಲೈನ್‌ಮನ್ ಆಗಿ ಚಿಂತಾಕಿಗೆ ಹೋದ. ಅಂಜನಾಬಾಯಿ ತೀರಿಕೊಂಡದ್ದು ಲಾಕ್‌ಡೌನಿನಲ್ಲಿ. ರೂತಳಿಗೂ ಮುಜೀಬನಿಗೂ ಮಣ್ಣಿಗೆ ಹೋಗಲಾಗಲಿಲ್ಲ. ಆಮೇಲೆ ಮಚ್ಛೇಂದ್ರ ಇವರ ಫೋನ್ ಎತ್ತುವುದನ್ನೂ ಕಡಿಮೆ ಮಾಡಿದ.

ರೂತ ಮನೆ ಮುಟ್ಟುವ ಮೊದಲೇ ಮುಜೀಬನ ಫೋನ್ ಬಂತು.

"ಕೇಳಿದೇನು ಹಾಡು? ಆ ಪೋರಿ ನನ್ನ ಅಂಗಡಿ ಹುಡುಕ್ಕೊಂಡು ಬಂದಿದ್ಲು, ಜೀಜಾ ಅಂತ. ಅವರ ಕಾಲೇಜಿನ ಗ್ಯಾದರಿಂಗದಾಗ ಹಾಡೋರಿದ್ದಾರ. ನಮಗ ಮೂವರಿಗೂ ಬರ್ರಿ ಅಂದಾಳ. ಖರೇ, ಮಚ್ಛೇಂದ್ರ ಆಕಿಗೆ ಫೋನ ಮಾಡಿ ಬೈದ. ನಮ್ಮವ್ವನ ದನಿ ತೆಗೀರಿ, ಇಲ್ಲಂದ್ರ ಛಲೋ ಆಗಂಗಿಲ್ಲ ಅಂದ."

"ಆ ಹುಡುಗಿ ಏನಂದ್ಲು?"

"ಅತ್ತಳು ಯಾರ್. ಅವರು ಬ್ಯಾಡ ಅಂದ್ರ ತೆಗೀತೇನಿ, ಖರೇ ಒಮ್ಮೆ ಎದುರಿಗೆ ನಿಂತು ಕೇಳ್ತೇನಿ ಅಂದ್ಲು. ನೀನೂ ಬಾ. ನಿನ್ನ ಮಾತ ಅವ ಕೇಳ್ತಾನ."

ತನ್ನ ಮಾತನ್ನು ಮಚ್ಛೇಂದ್ರ ಎಂದೂ ಕೇಳಿದವನಲ್ಲ ಎಂದು ರೂತಳಿಗೆ ಗೊತ್ತಿತ್ತು. ಆದರೂ ರಜೆ ಹಾಕಿದಳು.

ರೂತ, ಮುಜೀಬ, ಜೀಜಾ ಮೂವರೂ ಚಿಂತಾಕಿಗೆ ಹೋದಾಗ ಮಚ್ಛೇಂದ್ರ ಕಂಬದ ಮೇಲಿದ್ದ. ಲೈನ್ ಬಂದ್ ಮಾಡಿಸಿ, ಸೊಂಟಕ್ಕೆ ಬೆಲ್ಟ್ ಬಿಗಿದು, ತುಂಡಾದ ತಂತಿ ಜೋಡಿಸುತ್ತಿದ್ದ. ಹೊಟ್ಟೆ ಸ್ವಲ್ಪ ಬಂದಿತ್ತು, ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಕೆಳಗೆ ಹಿಟ್ಟಿನ ಗಿರಣಿಯ ಮುಂದೆ ಜೋಳದ ಡಬ್ಬಿ ಇಟ್ಟುಕೊಂಡು ಹೆಂಗಸರು ಕರೆಂಟಿಗಾಗಿ ಕಾಯುತ್ತಿದ್ದರು.

"ಕೆಳಗ ಇಳಿಯೋ ಮಾರಾಯ" ಎಂದು ಮುಜೀಬ ಕೂಗಿದ.

"ಯಾಕ ಬಂದೀರಿ ಅಂತ ಗೊತ್ತದ" ಮೇಲಿನಿಂದ ಉತ್ತರ ಬಂತು. "ಇಳಿಯೋದೇನ ಬ್ಯಾಡ. ಇಲ್ಲಿಂದೇ ಹೇಳ್ತೇನಿ. ಆಗಂಗಿಲ್ಲ."

"ಇಷ್ಟು ವರ್ಷದ ಮ್ಯಾಲ ಬಂದೇವಿ. ಚಹಾ ಕೂಡ ಕೇಳಂಗಿಲ್ಲೇನು?" ಎಂದಳು ರೂತ.

ಮಚ್ಛೇಂದ್ರ ಇಕ್ಕಳ ಜೇಬಿಗಿಟ್ಟು ಅವಳನ್ನು ನೋಡಿದ. ದನಿ ಸ್ವಲ್ಪ ಇಳಿಯಿತು. "ರೂತ, ನೀ ಹೇಳು. ಅವ್ವ ನೀರ ಕೇಳಿದ್ಲು. ಗಂಟಲು ಒಣಗಿತ್ತು ಆಕಿದು. ಅದು ಹಾಡಲ್ಲ. ನಾವು ಅದನ್ನ ಹಾಡು ಮಾಡಿ ಊರೂರು ಕುಣದ್ವಿ, ಚಪ್ಪಾಳಿ ತಗೊಂಡ್ವಿ. ಆಗ ನಮಗ ತಿಳಿಲಿಲ್ಲ, ವಯಸ್ಸಿತ್ತು. ಈಗ ಆಕಿ ಇಲ್ಲ. ಸತ್ತ ಮ್ಯಾಲೂ ಆಕಿಗೆ ಪಾಳಿದಾಗೇ ನಿಂದ್ರಸೋದೇನು?"

ಮುಜೀಬ ನೆಲ ನೋಡಿದ. ಆಗ ಜೀಜಾ ಕಂಬದ ಬುಡಕ್ಕೆ ಬಂದು ನಿಂತಳು. ಗಿಡ್ಡ ಹುಡುಗಿ, ಬೆನ್ನಿಗೆ ಕಾಲೇಜಿನ ಬ್ಯಾಗು. ಮಾತಾಡುವಾಗ ನಡುವೆ ಮರಾಠಿಯ ಎಳೆತ ಬರುತ್ತಿತ್ತು.

"ಕಾಕಾ, ನಾ ಒಂದ ಮಾತ ಹೇಳ್ತೇನಿ, ಆಮ್ಯಾಲ ಹೋಗ್ತೇನಿರಿ. ನಮ್ಮೋರು ಆ ಬರದಾಗ ಪುಣೆಕ್ಕ ಹೋಗಿದ್ರು, ಬಿಲ್ಡಿಂಗ್ ಕೆಲಸಕ್ಕ. ಪತ್ರಾ ತಗಡಿನ ಜೋಪಡಿರಿ. ಅವ್ವ ಅಪ್ಪ ಮುಂಜಾನಿ ಹೋದ್ರ ದೀಪ ಹಚ್ಚೋ ಹೊತ್ತಿಗೆ ಬರೋರು. ನನ್ನ ಒಳಗಿಟ್ಟು ಹೊರಗಿನಿಂದ ಕೊಂಡಿ ಹಾಕೋರು, ಗಾಡಿ ಕೆಳಗ ಗೀಡಿ ಕೆಳಗ ಬೀಳ್ತಾಳ ಅಂತ. ಹಳೇ ಫೋನ್ ಒಂದ ಕೊಟ್ಟು ಹೋಗೋರು. ಅದರಾಗ ಕನ್ನಡ ಅಂದ್ರ ನಿಮ್ಮ ಹಾಡು ಒಂದೇ ಇತ್ತರಿ. ಅಕ್ಕಪಕ್ಕ ಯಾರ ಮಾತೂ ತಿಳೀತಿರಲಿಲ್ಲ. ಆ ಆಯಿ ಕೂಗೋದು ಬಂದ ಕೂಡ್ಲೆ ನಾನೂ ಒಳಗಿನಿಂದ ಕೂಗ್ತಿದ್ದೆ. ಆಕಿಗೂ ಯಾರೋ ಕೊಂಡಿ ಹಾಕ್ಯಾರ ಅಂತ ತಿಳ್ಕೊಂಡಿದ್ದೆ." ಅವಳು ಮೂಗು ಒರೆಸಿಕೊಂಡಳು. "ನಾ ಆಕಿಗೆ ಪಾಳಿದಾಗ ನಿಂದ್ರಸ್ಲತ್ತಿಲ್ಲರಿ. ಆಕಿ ನನ್ನ ಜೋಡಿ ಇದ್ಲು."

ಮಚ್ಛೇಂದ್ರ ಇಕ್ಕಳ ಮತ್ತೆ ಹೊರತೆಗೆದ. ಗಿರಣಿಯ ಮುಂದಿನ ಹೆಂಗಸರೂ ಕೇಳಿಸಿಕೊಳ್ಳುತ್ತಿದ್ದರು. ಅವರಲ್ಲಿ ವಯಸ್ಸಾದ ಕೇಶರಬಾಯಿ ಕಡೆಗೆ ತಾಳ್ಮೆ ಕಳೆದುಕೊಂಡಳು. "ಏ ಲೈನ್‌ಮನ್ ಸಾಹೇಬ, ಹೂಂ ಅನ್ನಬಾರದೇನೋ? ಹುಡುಗಿ ಅಳ್ಲತ್ತಾಳ, ನಮ್ಮ ಹಿಟ್ಟೂ ನಿಂತದ!"

ಎಲ್ಲರೂ ನಕ್ಕರು. ಮಚ್ಛೇಂದ್ರ ಮಾತ್ರ ನಗದೆ ತಂತಿ ಬಿಗಿದ. ನಿಧಾನಕ್ಕೆ ಕೆಳಗಿಳಿದು, ಕೈ ಒರೆಸಿಕೊಂಡು, ಜೀಜಾಳ ಮುಂದೆ ನಿಂತ.

"ಎಷ್ಟ ದೊಡ್ಡಾಕಿ ಇದ್ದಿ ಆಗ?"

"ಅಕ್ಷರ ಕಲೀಲಿಕ್ಕ ಸಾಲಿಗೆ ಹಾಕೋವಷ್ಟು ಆಗಿದ್ದೆರಿ. ಹಾಕಿರಲಿಲ್ಲ."

ಅವನು ತಲೆ ಆಡಿಸಿದ. ಆಮೇಲೆ ಮುಜೀಬನ ಕಡೆ ತಿರುಗಿದ. "ಅವತ್ತ ಫೋನಿನಾಗ ಹಿಡದದ್ದು ಪೂರ್ತಿ ಅದನೋ ನಿನ್ನ ಬಲ್ಲಿ?"

"ಅದ. ಯಾವಾಗ್ಲೂ ಇಟ್ಟೇನಿ."

"ಹಚ್ಚೋದಾದ್ರ ಪೂರ್ತಿ ಹಚ್ಚರಿ. ಆಕಿ ಕೂಗಿದ್ದಷ್ಟೇ ಕತ್ತರಿಸಿ ತಗೊಂಡಿದ್ವಿ ನಾವು. ಅದೇ ತಪ್ಪಾಗಿತ್ತು. ಆಕಿ ಮುಂದೂ ಮಾತಾಡ್ಯಾಳ."

ಏನು ಮಾತಾಡಿದ್ದಳು ಎಂದು ರೂತಳಿಗೆ ನೆನಪಿರಲಿಲ್ಲ. ಮಚ್ಛೇಂದ್ರನೂ ಹೇಳಲಿಲ್ಲ. ತನಗೂ ಸರಿಯಾಗಿ ನೆನಪಿಲ್ಲ, ಅದಕ್ಕೇ ಕೇಳಿದೆ ಎಂದು ಆಮೇಲೆ ಚಹಾ ಕುಡಿಯುವಾಗ ಒಪ್ಪಿಕೊಂಡ.

ಭಾಲ್ಕಿಯ ಕಾಲೇಜಿನ ಅಂಗಳದಲ್ಲಿ ಇಳಿಬಿಸಿಲಿಗೆ ಪೆಂಡಾಲು ಹಾಕಿದ್ದರು. ಮೂವರನ್ನೂ ಮುಂದಿನ ಸೋಫಾದಲ್ಲಿ ಕೂರಿಸಲು ಪ್ರಾಧ್ಯಾಪಕರು ಓಡಾಡಿದರು. ಮಚ್ಛೇಂದ್ರ ಒಪ್ಪದೆ ಹಿಂದಿನ ಸಾಲಿಗೆ ಹೋದ. ಉಳಿದಿಬ್ಬರೂ ಅವನ ಹಿಂದೆಯೇ ಹೋಗಿ ಪಕ್ಕದಲ್ಲಿ ಕುಳಿತರು. ನಿರೂಪಕ ಹುಡುಗ ಮೈಕಿನಲ್ಲಿ, ಬೀದರ ಮಾತಿನಲ್ಲಿ ರ್‍ಯಾಪ್ ಮಾಡಬಹುದು ಎಂದು ನಮಗೆ ತೋರಿಸಿದವರು ಇವರೇ ಎಂದಾಗ ಹುಡುಗರು ಹಿಂದೆ ತಿರುಗಿ ನೋಡಿದರು. ನರ್ಸ್, ಮೆಕ್ಯಾನಿಕ್, ಲೈನ್‌ಮನ್. ಕೆಲವರಿಗೆ ನಂಬಿಕೆ ಬಂದಂತೆ ಕಾಣಲಿಲ್ಲ.

ಜೀಜಾ ಮತ್ತು ಅವಳ ಗೆಳತಿಯರು ವೇದಿಕೆಗೆ ಬಂದರು. ಹಳೆಯ ಸಾಲುಗಳಿಂದ ಶುರುಮಾಡಿ ತಮ್ಮವಕ್ಕೆ ಹೊರಳಿದರು:

ಸಾಲಿ ಕಲ್ತರ ಪಾಳಿ, ನೌಕರಿಗೂ ಪಾಳಿ
ನಮ್ಮವ್ವಗ ಸಿಗ್ತದೇನ ಒಂದಿನಾದ್ರೂ ಖಾಲಿ?

ಮಚ್ಛೇಂದ್ರ ಆ ಸಾಲನ್ನು ತುಟಿಯಲ್ಲೇ ಇನ್ನೊಮ್ಮೆ ಹೇಳಿಕೊಂಡದ್ದನ್ನು ರೂತ ನೋಡಿದಳು. ಆಮೇಲೆ ತಾಳ ನಿಂತಿತು. ದೊಡ್ಡ ಸ್ಪೀಕರುಗಳಲ್ಲಿ ಹಲಬರ್ಗಾದ ಆ ದಿನದ ಗಾಳಿ ಸುಯ್ಯೆಂದಿತು. ಕೊಡಗಳು ತಾಕಾಡಿದವು.

"ಏ, ನನ್ನ ಪಾಳಿ ಯಾವಾಗೋ?"

ಅಂಗಳವೆಲ್ಲ ಕೂಗಿತು. ಕೂಗು ತಗ್ಗಿದ ಮೇಲೂ ಅಂಜನಾಬಾಯಿಯ ದನಿ ನಿಲ್ಲಲಿಲ್ಲ.

"ಏ ಮುಜೀಬಾ, ಫೋನ ಯಾಕ ಹಿಡದಿ ನನ್ನ ಮಾರಿ ಮುಂದ? ಕೊಡ ಹಿಡಿ, ಕೊಡ! ಮಚ್ಛಿ, ನಿಮ್ಮ ದೋಸ್ತರಿಗಿ ಮೊದಲ ಕುಡಸು, ಬಿಸಲಾಗ ಬಂದಾವ ಕೂಸುಗಳು. ಏ ಪೋರಿ, ನೀ ನೆರಳಿಗಿ ನಿಂದ್ರು, ಮಾರಿ ಕೆಂಪಾಗ್ಯಾದ." ಅಷ್ಟರಲ್ಲಿ ಯಾರೋ ಏನೋ ಅಂದರು, ಅದು ಕೇಳಿಸಲಿಲ್ಲ. ಅಂಜನಾಬಾಯಿ ನಕ್ಕಳು. ಕೆಮ್ಮು ಬರುವವರೆಗೂ ನಕ್ಕಳು. ನಗುವಿನ ನಡುವೆಯೇ ರೆಕಾರ್ಡು ಮುಗಿಯಿತು.

ಅಂಗಳದಲ್ಲಿ ಎಲ್ಲರೂ ನಗುತ್ತಿದ್ದರು. ಆ ನೆರಳಿಗೆ ತಾನು ಹೋಗಿ ನಿಂತೆನೇ ಇಲ್ಲವೇ ಎಂದು ರೂತಳಿಗೆ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಮುಜೀಬ ಕರವಸ್ತ್ರ ಹುಡುಕುತ್ತಿದ್ದ. ಮಚ್ಛೇಂದ್ರ ಎರಡೂ ಕೈ ಮೊಣಕಾಲ ಮೇಲಿಟ್ಟು ನೆಟ್ಟಗೆ ಕುಳಿತಿದ್ದ. ಕೆನ್ನೆಯ ಮೇಲೆ ಇಳಿಯುತ್ತಿದ್ದುದನ್ನು ಒರೆಸಿಕೊಳ್ಳಲಿಲ್ಲ. "ಹಿಂಗೇ ನಗ್ತಿದ್ಲು ನೋಡು" ಎಂದ, ಯಾರಿಗೆಂದಿಲ್ಲದೆ. "ಮರತೇ ಬಿಟ್ಟಿದ್ದೆ."

ಕಾರ್ಯಕ್ರಮ ಮುಗಿದು ಶಾಲು ಹೊದಿಸಿ ಫೋಟೋ ತೆಗೆಸಿದ ಮೇಲೆ ಮೂವರೂ ಗೇಟಿನ ಕಡೆ ನಡೆದರು. ಬೇವಿನ ಮರದ ಕೆಳಗೆ ಜೀಜಾ ಮತ್ತು ಗೆಳತಿಯರು ಸುತ್ತುಗಟ್ಟಿ ಕುಳಿತು ಜೋರುಜೋರಾಗಿ ವಾದ ಮಾಡುತ್ತಿದ್ದರು. ಮುಂದಿನ ಹಾಡಿನ ಒಂದು ಸಾಲು ಕೂಡಿಬರುತ್ತಿರಲಿಲ್ಲ. ಒಬ್ಬಳು ಒಂದು ಮಾತು ತೆಗೆದರೆ ಇನ್ನೊಬ್ಬಳು ಅದನ್ನೇ ಮತ್ತೆ ಸೇರಿಸುತ್ತಿದ್ದಳು.

ಮಚ್ಛೇಂದ್ರ ಮುಂದೆ ಹೋದವನು ನಿಂತ.

"ಬಸ್ಸಿಗಿ ಹೊತ್ತಾಗ್ತದ" ಎಂದು ಮುಜೀಬ ಹೇಳಲು ಹೋದ. ರೂತ ಅವನ ತೋಳು ಹಿಡಿದಳು.

"ಆ 'ಮತ್ತ' ಅನ್ನೋದು ತಗದು ನೋಡ್ರಿ" ಎಂದ ಮಚ್ಛೇಂದ್ರ, ದೂರದಿಂದಲೇ. "ಉಸಿರಿಗಿ ಜಾಗ ಸಿಗ್ತದ."

ಹುಡುಗಿಯರು ತಲೆ ಎತ್ತಿದರು. ಜೀಜಾ ಬ್ಯಾಗು ಪಕ್ಕಕ್ಕೆ ಸರಿಸಿ ಜಾಗ ಮಾಡಿದಳು. ಮಚ್ಛೇಂದ್ರ ಚಪ್ಪಲಿ ಬಿಟ್ಟು ಬೇವಿನೆಲೆಗಳ ಮೇಲೆ ಕುಳಿತ. ಸುತ್ತಿನ ಹೊರಗೆ ಅವನ ಚಪ್ಪಲಿಗಳು ಉಳಿದವು, ಒಂದು ಮಗುಚಿಕೊಂಡು, ಇನ್ನೊಂದು ಗೇಟಿನ ಕಡೆ ಮುಖ ಮಾಡಿಕೊಂಡು.