ವಾಸನೆ ಇಲ್ಲದ ನೀರು

ಬಾವಿ ಬತ್ತಿದ ಮೇಲೆ ಇದ್ದಬದ್ದದ್ದನ್ನು ತಲೆಯ ಮೇಲೆ ಹೊತ್ತು ನಡೆದು ಬಂದವರಿಗೆಲ್ಲ ಮುಚ್ಚಿಹೋದ ಸಿಮೆಂಟ್ ಕಾರ್ಖಾನೆಯೊಂದರ ಅಂಗಳದಲ್ಲಿ ಡೇರೆ ಹಾಕಿಕೊಟ್ಟಿದ್ದರು. ಕುಡಿಯುವ ನೀರು ಕಾರ್ಖಾನೆಯ ಹಿಂದಿನ ಕಲ್ಲುಗಣಿಯ ಹೊಂಡದಿಂದ ಪೈಪಿನಲ್ಲಿ ಬರುತ್ತಿತ್ತು. ನೋಡಿದರೆ ತಿಳಿ, ಕುಡಿದರೆ ಸಿಹಿ. ಶಿಬಿರ ನಡೆಸುತ್ತಿದ್ದ ಪರಿಹಾರದವರು ಮಾತ್ರ ಅದನ್ನು ಚೂರೂ ನಂಬುತ್ತಿರಲಿಲ್ಲ. ನಲ್ಲಿಯ ಪಕ್ಕ ಒಂದು ಸ್ಟೂಲು ಹಾಕಿ, ಕ್ಲೋರಿನ್ ಕಲಸಿದ ಬಕೆಟ್ಟು ಇಟ್ಟು, ಸೂಜಿಯಿಲ್ಲದ ದಪ್ಪ ಸಿರಿಂಜನ್ನು ಕೈಗೆ ಕೊಟ್ಟು ಬಂದವರಲ್ಲೇ ಒಬ್ಬ ಹೆಂಗಸನ್ನು ಕೂರಿಸಿದ್ದರು. ಬಿಂದಿಗೆ ತುಂಬಿಸಿಕೊಂಡವರು ಅವಳ ಮುಂದೆ ಇಡಬೇಕು, ಅವಳು ಅಳತೆಯ ಗೆರೆವರೆಗೆ ಔಷಧಿ ಎಳೆದು ಬಿಂದಿಗೆಗೆ ಬಿಡಬೇಕು. ಜನ ಅವಳನ್ನು ಸಿರಿಂಜಕ್ಕ ಅಂತ ಕರೆದರು, ಅದೇ ಹೆಸರು ನಿಂತಿತು.

ಮೊದಮೊದಲು ಸಿರಿಂಜಕ್ಕ ಕಣ್ಣಲ್ಲಿ ಕಣ್ಣಿಟ್ಟು ಕೆಲಸ ಮಾಡಿದಳು. ದೊಡ್ಡ ಬಿಂದಿಗೆಗೆ ಎಷ್ಟು, ಚಿಕ್ಕ ಕ್ಯಾನಿಗೆ ಎಷ್ಟು ಎಂದು ಶಿಬಿರದ ನರ್ಸಮ್ಮ ಹೇಳಿಕೊಟ್ಟದ್ದನ್ನು ನಿದ್ದೆಗಣ್ಣಲ್ಲೂ ಒಪ್ಪಿಸುತ್ತಿದ್ದಳು. ಜನರಿಗೆ ಅದು ಔಷಧಿ ಅನ್ನಿಸಲೇ ಇಲ್ಲ. ಹೊಳೆಯುವ ನೀರಿಗೆ ಕೈಯಾರೆ ನಾತ ಬೆರೆಸುವುದು ಯಾವ ಸೀಮೆಯ ಬುದ್ಧಿ ಎಂದು ಮೂಗು ಮುರಿದರು. ತಿಂಗಳುಗಟ್ಟಲೆ ಕೆಸರು ಸೋಸಿ ಕುಡಿದು ಬಂದವರಿಗೆ ಒಂದು ಲೋಟ ಒಳ್ಳೆಯ ನೀರು ಸಿಕ್ಕಿತು ಅನ್ನುವಷ್ಟರಲ್ಲಿ ಅದಕ್ಕೂ ಕಲ್ಲು ಬಿದ್ದಿತ್ತು.

ಎಲ್ಲರಿಗಿಂತ ಹೆಚ್ಚು ಕುದಿದವಳು ಸಿರಿಂಜಕ್ಕನ ಅತ್ತೆ. ಊರಲ್ಲಿ ಆಕೆ ಬೀದಿಗೆ ಹಿರಿಯಳು. ಆಕೆಯ ಮಾತಿಲ್ಲದೆ ಆ ಬೀದಿಯಲ್ಲಿ ಜಗಳವೂ ಶುರುವಾಗುತ್ತಿರಲಿಲ್ಲ, ರಾಜಿಯೂ ಆಗುತ್ತಿರಲಿಲ್ಲ. ಇಲ್ಲಿ ಆಕೆ ಬರೀ ಸಾಲಿನಲ್ಲಿ ನಿಲ್ಲುವ ಮುದುಕಿ. ಮಗ ಪಟ್ಟಣದಲ್ಲಿ ಲಾರಿ ತುಂಬಿಸಲು ಹೋದವನು ಯಾವಾಗಲೋ ಒಮ್ಮೆ ಮುಖ ತೋರಿಸುತ್ತಿದ್ದ. ಹಾಗಾಗಿ ಇದ್ದ ಸಿಟ್ಟೆಲ್ಲ ಸೊಸೆಯ ಮೇಲೆ.

"ಸಿರಿಂಜು ನಮ್ಮ ಮನೆಯವಳ ಕೈಲಿದೆ, ನಾವೂ ಇದೇ ನಾತ ಕುಡೀಬೇಕಾ?" ಎಂದಳು ಒಂದು ಬೆಳಿಗ್ಗೆ, ಲೋಟದ ನೀರನ್ನು ಡೇರೆಯ ಹೊರಗೆ ಚೆಲ್ಲಿ. "ಊರಿಗೆಲ್ಲ ಹಾಕ್ಕೋ, ಯಾರು ಬೇಡ ಅಂದ್ರು? ಮನೆಯವರು ಅಂತ ಒಂದು ಬೇಡ್ವಾ?"

"ಹಾಗಲ್ಲ ಅತ್ತೆ, ಕಾಯಿಲೆ ಬರುತ್ತೆ ಅಂತ ನರ್ಸಮ್ಮ..."

"ನಿನ್ನ ನರ್ಸಮ್ಮ ನಮ್ಮೂರ ಕೆರೆ ನೋಡಿದ್ದಾಳಾ? ಅದನ್ನ ಕುಡಿದೇ ನಿನ್ನ ಗಂಡನ್ನ ಸಾಕಿದ್ದು. ನೋಡು, ಮಗುವೇ ಬಾಯಿಗಿಡಲ್ಲ."

ಅದು ನಿಜವಿತ್ತು. ಸಿರಿಂಜಕ್ಕನ ಐದು ವರ್ಷದ ಮಗ ಪುಟಾಣಿ, ಈ ನೀರು ಕಂಡರೆ ತುಟಿ ಬಿಗಿದುಕೊಳ್ಳುತ್ತಿದ್ದ. ಬಿಸಿಲಿಗೆ ಬಾಯಿ ಒಣಗಿಸಿಕೊಂಡು ಕೂರುತ್ತಿದ್ದ. ಮರುದಿನ ಅತ್ತೆಯ ಬಿಂದಿಗೆ ಮುಂದೆ ಬಂದಾಗ ಅವಳು ಸಿರಿಂಜಿನ ತುದಿಯನ್ನು ಬಕೆಟ್ಟಿಗೆ ಅದ್ದಿದ ಹಾಗೆ ಮಾಡಿ ಬರೀ ಗಾಳಿ ಎಳೆದಳು. ಮುಷ್ಟಿಯಲ್ಲಿ ಮುಚ್ಚಿ ಹಿಡಿದು ಬಿಂದಿಗೆಯ ಬಾಯೊಳಗೆ ಒತ್ತಿದಳು. ಅಂದು ಪುಟಾಣಿ ಒಂದೇ ಗುಟುಕಿಗೆ ಲೋಟ ಖಾಲಿ ಮಾಡಿ ಇನ್ನೊಂದು ಕೇಳಿದ. ಅವಳಿಗೂ ಸಂತೋಷವಾಯಿತು, ಸುಳ್ಳೇಕೆ ಹೇಳಬೇಕು.

ಅಲ್ಲಿಗೇ ನಿಂತಿದ್ದರೆ ಈ ಕಥೆ ಒಂದು ಮನೆಯಲ್ಲೇ ಮುಗಿಯುತ್ತಿತ್ತು. ಆದರೆ ಅತ್ತೆಯ ಹೊಟ್ಟೆಯಲ್ಲಿ ಮಾತು ನಿಲ್ಲುವುದುಂಟೇ? ಆಕೆ ಬೇಕಾದವರನ್ನು ಡೇರೆಗೆ ಕರೆದು ಒಂದೊಂದು ಲೋಟ ನೀರು ಕೊಟ್ಟಳು. ಕುಡಿದವರು ಕಣ್ಣರಳಿಸಿದರು. "ನನ್ನ ಹೆಸರು ಹೇಳಿ, ಸೊಸೆ ನೋಡ್ಕೋತಾಳೆ," ಎಂದಳು, ಸೆರಗು ಸರಿಮಾಡಿಕೊಂಡು. ಆವತ್ತಿನಿಂದ ಮುದುಕಿಗೆ ಕೊಂಬು ಬಂತು. ಆಕೆಗೆ ಸೌದೆ ತಂದುಕೊಡುವವರು, ಸಾಲಿನಲ್ಲಿ ಮುಂದೆ ಬಿಡುವವರು, ಕಾಲು ಒತ್ತುವವರು ಹುಟ್ಟಿಕೊಂಡರು. "ದೊಡ್ಡಮ್ಮ ಕಳಿಸಿದ್ರು" ಎಂದು ಪಿಸುಗುಟ್ಟಿ ಬಿಂದಿಗೆ ಇಟ್ಟವರಿಗೆಲ್ಲ ಸಿರಿಂಜಕ್ಕ ಗಾಳಿ ಬಿಡುತ್ತಾ ಹೋದಳು. ಒಬ್ಬರಿಗೆ ಬಿಟ್ಟು ಇನ್ನೊಬ್ಬರಿಗೆ ಹೇಗೆ ಇಲ್ಲ ಎನ್ನುವುದು? ವಾಸನೆ ಇಲ್ಲದ ನೀರು ಕುಡಿಯುವುದೇ ಆ ಸಾಲಿನಲ್ಲಿ ಒಂದು ಅಂತಸ್ತಾಗಿಬಿಟ್ಟಿತು. ಪರಿಹಾರದವರ ಮುಂದೆ ಮಾತ್ರ ಯಾರೂ ತುಟಿಪಿಟಕ್ ಎನ್ನುತ್ತಿರಲಿಲ್ಲ.

ಕೊನೆಗೆ ಆ ನಲ್ಲಿಗೆ ಬರುವವರಲ್ಲಿ ನಾತದ ನೀರೇ ಗತಿಯಾದದ್ದು ಒಬ್ಬಳಿಗೆ, ದರ್ಜಿಯವಳಿಗೆ. ಗಂಡ ಸತ್ತವಳು, ಎರಡು ಹೆಣ್ಣುಮಕ್ಕಳ ತಾಯಿ. ನಡೆದು ಬರುವಾಗ ಕೈಯಲ್ಲಿ ತಿರುಗಿಸುವ ಹೊಲಿಗೆ ಯಂತ್ರವನ್ನು ತಲೆಯ ಮೇಲೆ ಹೊತ್ತಿದ್ದಳು. ಅದನ್ನು ಎಸೆದು ನನ್ನ ಪಾತ್ರೆಗಂಟು ಹೊರು ಎಂದು ಅತ್ತೆ ಹೇಳಿದ್ದಳು. "ಇದು ನನ್ನ ಮಕ್ಕಳ ಅನ್ನ ಕಣಮ್ಮ, ಎಸೆಯೋಕಾಗಲ್ಲ," ಎಂದು ದರ್ಜಿಯವಳು ಮುಂದೆ ನಡೆದಿದ್ದಳು. ಮುದುಕಿ ಅದನ್ನು ಮರೆಯುವ ಜಾತಿಯವಳಲ್ಲ.

ದರ್ಜಿಯವಳೂ ಒಮ್ಮೆ ಕೇಳಿದಳು. ಹಲ್ಲು ಬಿದ್ದ ಕಿರಿಮಗಳನ್ನು ಮುಂದೆ ನಿಲ್ಲಿಸಿಕೊಂಡು, ತಗ್ಗಿದ ದನಿಯಲ್ಲಿ, "ಅಕ್ಕಾ, ಇವಳು ಕುಡಿಯೋಕೆ ಅಳ್ತಾಳೆ. ನಮಗೂ ಒಂದಿನ ಹಾಗೇ ಬಿಡು," ಎಂದಳು.

ಸಿರಿಂಜಕ್ಕ ಅತ್ತೆಯ ಡೇರೆಯತ್ತ ನೋಡಿದಳು. ಮುದುಕಿ ಬಾಗಿಲಲ್ಲೇ ಕೂತಿದ್ದಳು.

"ಆಗಲ್ಲಮ್ಮ, ಕಾನೂನು ಅಂದ್ರೆ ಕಾನೂನು," ಎಂದು ಗೆರೆಯವರೆಗೆ ಎಳೆದು, ಎಲ್ಲರಿಗೂ ಕಾಣುವ ಹಾಗೆ ಬಿಟ್ಟಳು. ಕಿರಿಮಗಳು ಮೂಗು ಹಿಡಿದುಕೊಂಡಳು, ಸಾಲಿನವರು ನಕ್ಕರು. ದಿನವೂ ಹಾಗೇ ನಡೆಯಿತು.

ಆಮೇಲೆ ವಾಂತಿಭೇದಿ ಬಂತು.

ಮೊದಲು ಹೋದದ್ದು ದೊಡ್ಡಮ್ಮನ ಕಾಲು ಒತ್ತುತ್ತಿದ್ದ ಬಸುರಿ. ಬೆಳಿಗ್ಗೆ ನಗುತ್ತಿದ್ದವಳು ಸಂಜೆಗೆ ಒಣಗಿದ ಸಿಪ್ಪೆಯಾಗಿದ್ದಳು. ಮತ್ತೆ ಅವಳ ಅತ್ತಿಗೆ, ಪಕ್ಕದ ಡೇರೆಯ ಇಬ್ಬರು ಮಕ್ಕಳು. ಕಾರ್ಖಾನೆಯ ಗೋದಾಮಿನಲ್ಲಿ ನಡುವೆ ತೂತಿರುವ ಮಂಚಗಳನ್ನು ಸಾಲಾಗಿ ಹಾಕಿ, ಕೆಳಗೆ ಬಕೆಟ್ಟು ಇಟ್ಟರು. ಕಾಲರಾ ಎಂದಳು ನರ್ಸಮ್ಮ. ಆ ಮಾತು ಕಿವಿಗೆ ಬಿದ್ದ ಗಳಿಗೆಯಿಂದ ಸಿರಿಂಜಕ್ಕ ಎಲ್ಲರ ಬಿಂದಿಗೆಗೂ ಸರಿಯಾಗಿ ಔಷಧಿ ಬಿಡತೊಡಗಿದಳು. ಯಾರೂ ಬೇಡ ಎನ್ನಲಿಲ್ಲ, ತಾವು ಕುಡಿದ ಸಿಹಿ ನೀರಿನ ಮಾತನ್ನೂ ಎತ್ತಲಿಲ್ಲ. ಆದರೆ ಕಾಯಿಲೆ ಅಷ್ಟು ಹೊತ್ತಿಗೆ ಹೊಟ್ಟೆಗಳೊಳಗೆ ಸೇರಿಕೊಂಡಾಗಿತ್ತು. ಪುಟಾಣಿಯೂ ಬಿದ್ದ. ಕೈಗೊಂದು, ಕಾಲಿಗೊಂದು ಡ್ರಿಪ್ ಹಾಕಿ ಅವನನ್ನು ತೂತಿನ ಮಂಚದ ಮೇಲೆ ಮಲಗಿಸಿದರು. ಅವನ ಕಣ್ಣು ಗುಳಿಯೊಳಗೆ ಇಳಿದಿತ್ತು, ಬೆರಳು ಸುಕ್ಕುಗಟ್ಟಿ ಮುದುಕನ ಬೆರಳಾಗಿತ್ತು. ಅವನನ್ನು ಆ ಮಂಚದಿಂದ ಎಬ್ಬಿಸಿದರೆ ಅಲ್ಲಿಗೆ ಮುಗಿಯಿತು ಎಂದು ಸಿರಿಂಜಕ್ಕನಿಗೂ ಗೊತ್ತಿತ್ತು.

ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತ ಅತ್ತೆ ಮೊಮ್ಮಗನ ಪಾದ ಉಜ್ಜುತ್ತಾ, ಸೊಸೆಯ ಮುಖ ನೋಡದೆ ಹೇಳಿದಳು: "ಬಾಯಿ ಬಿಟ್ಟೀಯ, ಜೋಕೆ. ಮಕ್ಕಳನ್ನ ಕಳ್ಕೊಂಡೋರು ಇವನನ್ನ ಈ ಮಂಚದಿಂದ ಎಳೆದು ಹಾಕ್ತಾರೆ."

ಅಂದರೆ ಮುದುಕಿಗೆ ಎಲ್ಲ ಅರ್ಥವಾಗಿತ್ತು. ಸಿರಿಂಜಕ್ಕ ಬಾಯಿಗೆ ಬೀಗ ಹಾಕಿಕೊಂಡಳು.

ಸತ್ತವರನ್ನು ಸುತ್ತಲು ಬಟ್ಟೆ ಸಾಲದೆ ಧಾನ್ಯದ ಖಾಲಿ ಚೀಲ ಬಿಚ್ಚಿ ಹೊಲಿಯಬೇಕಾಯಿತು. ಹೊಲಿದವಳು ದರ್ಜಿಯವಳು. ಯಾರೂ ಕೇಳದಿದ್ದರೂ, ಏನೂ ತೆಗೆದುಕೊಳ್ಳದೆ, ಮಕ್ಕಳ ಅಳತೆಯ ಚೀಲಗಳನ್ನು ಹೊಲಿಯುವಾಗ ಅಳುತ್ತಾ ಯಂತ್ರ ತಿರುಗಿಸಿದಳು. ಅದೇ ಅವಳಿಗೆ ಮುಳುವಾಯಿತು.

"ಸಾಲಿನ ಡೇರೆಗಳಲ್ಲೆಲ್ಲ ಹೆಣ ಬಿತ್ತು. ಅವಳ ಡೇರೆಗೆ ಮಾತ್ರ ಏನೂ ಆಗಲಿಲ್ಲ," ಎಂದಳು ಅತ್ತೆ, ಕೂಡಿದ ಹೆಂಗಸರ ನಡುವೆ, ಯಾರಿಗೂ ಅಲ್ಲದ ಹಾಗೆ. "ಹೆಣಕ್ಕೆಲ್ಲ ಹೊಲಿಯೋಳು ಅವಳೇ. ಏನು ಹೊಲಿದಿಡ್ತಾಳೋ ಒಳಗೆ."

ಅಷ್ಟು ಸಾಕಾಯಿತು. ದುಃಖಕ್ಕೆ ಒಂದು ಹೆಸರು ಬೇಕಿತ್ತು, ಮುದುಕಿ ಕೊಟ್ಟಳು. ಮಧ್ಯಾಹ್ನದ ಹೊತ್ತಿಗೆ ದರ್ಜಿಯವಳ ಡೇರೆಯ ಹಗ್ಗ ಕಿತ್ತರು, ಯಂತ್ರವನ್ನು ಕಲ್ಲಿಗೆ ಅಪ್ಪಳಿಸಿದರು. ಅದರ ಚಕ್ರ ಕಳಚಿ ಉರುಳುತ್ತಾ ಬಂದು ನಲ್ಲಿಯ ಬುಡದ ಕೆಸರಿನಲ್ಲಿ ಬಿತ್ತು. ಸಿರಿಂಜಕ್ಕ ಅದನ್ನು ನೋಡಿದಳು, ಮುಂದಿನ ಬಿಂದಿಗೆಗೆ ಔಷಧಿ ಎಳೆದಳು. ಎದ್ದು ನಿಂತು ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ.

ನರ್ಸಮ್ಮ ಅಡ್ಡ ಬಂದು ತಾಯಿಮಕ್ಕಳನ್ನು ಬಿಡಿಸಿದಳು. ಇನ್ನು ಇಲ್ಲಿ ಇಟ್ಟುಕೊಂಡರೆ ಜೀವಕ್ಕೇ ಅಪಾಯ, ದೂರದ ಇನ್ನೊಂದು ಶಿಬಿರಕ್ಕೆ ಲಾರಿಯಲ್ಲಿ ಕಳಿಸುವುದು ಎಂದಾಯಿತು. ಲಾರಿ ಬರುವುದನ್ನು ಕಾಯುತ್ತಾ ನರ್ಸಮ್ಮ ನಲ್ಲಿಯ ಹತ್ತಿರ ಬಂದು ಕೈ ತೊಳೆದುಕೊಂಡಳು.

"ಇವರಿಗೆ ಮಾತ್ರ ಯಾಕೆ ಬರಲಿಲ್ಲ ಅಂತ ನನಗೆ ತಲೆ ಕೆಟ್ಟುಹೋಗಿದೆ ಅಕ್ಕ. ಒಂದೇ ನೀರು, ಒಂದೇ ಔಷಧಿ," ಎಂದಳು. "ಈಗ ಮಂಚದ ಮೇಲಿರೋರನ್ನ ಬಿಟ್ಟು ಕೂರೋಕಾಗಲ್ಲ, ನಾಲ್ಕು ದಿನ ಬಿಟ್ಟು ನಾನೇ ಅಲ್ಲಿಗೆ ಹೋಗಿ ನೋಡ್ತೀನಿ. ಮಕ್ಕಳು ಆಗಲೂ ಚೆನ್ನಾಗಿದ್ರೆ, ಕೂತು ಎಲ್ಲ ಕೇಳ್ತೀನಿ. ಏನು ತಿಂತಿದ್ರು, ಏನು ಕುಡೀತಿದ್ರು, ಒಂದೂ ಬಿಡಲ್ಲ. ಏನೋ ಇದೆ."

ಸಿರಿಂಜಕ್ಕ ಲಾರಿಯ ದಾರಿ ಕಾಯುತ್ತಿದ್ದ ತಾಯಿಮಕ್ಕಳತ್ತ ನೋಡಿದಳು. ದರ್ಜಿಯವಳಿಗೆ ಎಲ್ಲ ಗೊತ್ತು. ಯಾರಿಗೆ ಔಷಧಿ ಬೀಳುತ್ತಿತ್ತು, ಯಾರಿಗೆ ಬೀಳುತ್ತಿರಲಿಲ್ಲ ಎಂದು ದಿನವೂ ಕಣ್ಣಾರೆ ಕಂಡವಳು. ಅವಳಿಗೆ ಅದರ ಅರ್ಥ ಹೊಳೆದಿಲ್ಲ ಅಷ್ಟೇ. ನರ್ಸಮ್ಮ ಕೇಳಿದ ತಕ್ಷಣ ಹೊಳೆಯುತ್ತದೆ. ಆಗ ಪುಟಾಣಿಯ ಮಂಚದ ಸುತ್ತ ಯಾರು ಯಾರು ಬಂದು ನಿಲ್ಲುತ್ತಾರೆ ಎನ್ನುವುದು ಸಿರಿಂಜಕ್ಕನ ಕಣ್ಣಿಗೆ ಕಟ್ಟಿತು. ದರ್ಜಿಯವಳ ಮಕ್ಕಳಿಗೂ ಕಾಯಿಲೆ ಬಂದರೆ? ಹಾಗೆ ಯೋಚಿಸಿದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಆದರೂ ಯೋಚನೆ ಹೋಗಲಿಲ್ಲ. ಅವರಿಗೂ ಬಂದುಬಿಟ್ಟರೆ ಕೇಳುವುದಕ್ಕೆ ಪ್ರಶ್ನೆಯೇ ಉಳಿಯುವುದಿಲ್ಲ.

ಲಾರಿ ಬಂತು. ಹಣೆಯ ಮೇಲೆ ರಕ್ತ ಒಣಗಿದ ದರ್ಜಿಯವಳು ದಾರಿಯ ನೀರಿಗೆಂದು ಒಂದು ಹಳದಿ ಕ್ಯಾನು ತುಂಬಿಸಿಕೊಂಡು ಸ್ಟೂಲಿನ ಮುಂದೆ ಇಟ್ಟಳು. ಸಾಲಿನವರು ದೂರ ನಿಂತು ನೋಡುತ್ತಿದ್ದರು. "ಆ ಪಾಪಿಗೆ ಔಷಧಿ ಬೇರೆ ಕೇಡು," ಎಂದು ಯಾರೋ ಅಂದರು.

ಸಿರಿಂಜಕ್ಕ ತಲೆ ಎತ್ತಲಿಲ್ಲ. ತುದಿಯನ್ನು ಬಕೆಟ್ಟಿಗೆ ಅದ್ದಿದ ಹಾಗೆ ಮಾಡಿದಳು. ಬೆರಳುಗಳಿಗೆ ಹಳೆಯ ಅಭ್ಯಾಸ ಮರೆತಿರಲಿಲ್ಲ. ಗಾಳಿ ಎಳೆದಳು, ಮುಷ್ಟಿಯಲ್ಲಿ ಮುಚ್ಚಿದಳು, ಕ್ಯಾನಿನ ಬಾಯೊಳಗೆ ಪೂರ್ತಿ ಒತ್ತಿದಳು.

ಬೆಳಿಗ್ಗೆಯಿಂದ ಒಂದು ಹನಿ ಕಾಣದ ಕಿರಿಮಗಳು ತಡೆಯಲಾರದೆ ಕ್ಯಾನು ಓರೆ ಮಾಡಿ ಬೊಗಸೆಯೊಡ್ಡಿದಳು. ಅಭ್ಯಾಸದಂತೆ ಮೊದಲೇ ಮುಖ ಕಿವುಚಿಕೊಂಡು ಕುಡಿದಳು. ಕುಡಿಯುತ್ತಾ ಮುಖ ಬಿಚ್ಚಿಕೊಂಡಿತು.

"ಅಮ್ಮಾ, ಇವತ್ತು ನೀರು ಸಿಹಿ ಇದೆ!" ಎಂದಳು, ಬಿದ್ದ ಹಲ್ಲಿನ ಜಾಗ ಕಾಣುವಂತೆ ನಕ್ಕು. ಮತ್ತೆ ಬೊಗಸೆಯೊಡ್ಡಿದಳು. ಅಕ್ಕನೂ ಬಂದು ಒಡ್ಡಿದಳು.

ದರ್ಜಿಯವಳು ತಾನೂ ಒಂದು ಬೊಗಸೆ ಕುಡಿದು ನೋಡಿದಳು. ಅಷ್ಟು ಹೊತ್ತು ಹೊಡೆತ ತಿಂದರೂ ಅಳದವಳ ಕಣ್ಣಲ್ಲಿ ಈಗ ನೀರು ತುಂಬಿತು. ಬಾಗಿ, ಸಿರಿಂಜು ಹಿಡಿದಿದ್ದ ಕೈಯನ್ನು ತನ್ನೆರಡು ಕೈಯಲ್ಲಿ ಹಿಡಿದುಕೊಂಡಳು.

"ಕೊನೆಗೂ ನಮ್ಮನ್ನ ನಿಮ್ಮೋರು ಅಂತ ನೋಡಿದೆಯಲ್ಲ ಅಕ್ಕ," ಎಂದಳು. "ನಿನ್ನ ಮಗ ಚೆನ್ನಾಗಿರಲಿ."

ಕ್ಯಾನಿನ ಮುಚ್ಚಳ ಬಿಗಿ ಮಾಡಿ, ಮಕ್ಕಳನ್ನು ಮುಂದೆ ಬಿಟ್ಟುಕೊಂಡು ಅವಳು ಲಾರಿಯತ್ತ ನಡೆದಳು. ಸಿರಿಂಜಕ್ಕನ ಮುಂದೆ ಇನ್ನೊಂದು ಬಿಂದಿಗೆ ಬಂದು ಕೂತಿತು.